ಎರಡೂವರೆ ಮಿಲಿಮೀಟರು

ನಮ್ಮ ಮನೆಯ ಲ್ಯಾಪ್‌ಟಾಪ್ ಆನ್ ಆಗುವುದಕ್ಕೂ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವುದಕ್ಕೂ ಹೆಚ್ಚೂಕಡಿಮೆ ಒಂದೇ ಹೊತ್ತು ಹಿಡಿಯುತ್ತಿತ್ತು. ಬಟನ್ ಒತ್ತಿ, ಅಡುಗೆಮನೆಗೆ ಹೋಗಿ, ಪುಡಿಗೆ ಬಿಸಿನೀರು ಸುರಿದು, ಪೇಪರಿನಲ್ಲಿ ಹನ್ನೆರಡೂ ರಾಶಿಯ ಭವಿಷ್ಯ ಓದಿ ಬಂದರೂ ಪರದೆಯ ಮೇಲೆ ಚುಕ್ಕೆಗಳು ಗಿರಗಿರ ಸುತ್ತುತ್ತಲೇ ಇರುತ್ತಿದ್ದವು. 2013ರಲ್ಲಿ ಕೊಂಡದ್ದು. ಒಳಗಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದಂತೆ. ಅಷ್ಟು ತಿರುಗಿಯೂ ಒಂದು ಫೈಲ್ ಹುಡುಕಿ ಕೊಡುವುದಕ್ಕೆ ಕಟಕಟ ಹಲ್ಲು ಕಡಿಯುತ್ತಿತ್ತು.

"ಮಾವ, ಹೊಸದು ಯಾಕೆ ತಗೋತೀರಾ? ಒಂದು ಎಸ್‌ಎಸ್‌ಡಿ ಹಾಕ್ಸಿ ಸಾಕು" ಅಂದ ಅಕ್ಕನ ಮಗ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಅವನಿಗೆ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯೇ ಇಲ್ಲದ ಡಿಸ್ಕಂತೆ. ಅವನು "ಹಾಕ್ಸಿ" ಅಂದಿದ್ದನ್ನು ನಾನು "ಹಾಕಿ" ಅಂತ ಕೇಳಿಸಿಕೊಂಡೆ. ಮುಂದಿನದಕ್ಕೆಲ್ಲ ಆ ಒಂದು ಅಕ್ಷರವೇ ಕಾರಣ.

ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಅಂಗಡಿ ಹುಡುಗ ತಲೆ ಎತ್ತದೆಯೇ "ಸಾಟಾನಾ, ಎನ್‌ವಿಎಂಇನಾ ಸಾರ್?" ಎಂದ. ದರ್ಶಿನಿಯಲ್ಲಿ ಮಸಾಲೆನಾ, ಪ್ಲೇನಾ ಅಂತ ಕೇಳುವ ಹಾಗೆ. ನಾನು "ಲ್ಯಾಪ್‌ಟಾಪಿಗೆ" ಅಂದೆ. ಆಗ ತಲೆ ಎತ್ತಿದ. ಮಾಡೆಲ್ ನಂಬರ್ ಕೇಳಿ, ಎರಡೂವರೆ ಇಂಚಿನ ಸಾಟಾ, 480 ಜಿಬಿಯದು, ಕೈಗಿಟ್ಟ. ಸಾಟಾ ಅನ್ನೋದು ಹಳೇ ಡಿಸ್ಕಿನ ಜಾಗದಲ್ಲೇ ಕೂರುವಂಥದ್ದು, ಎನ್‌ವಿಎಂಇ ಅನ್ನೋದು ಚ್ಯೂಯಿಂಗ್ ಗಮ್ ಪಟ್ಟಿಯಂಥದ್ದು, ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಸಿಗಿಸುವ ಜಾಗವೇ ಇಲ್ಲ ಅಂತ ಆಮೇಲೆ ಗೊತ್ತಾಯಿತು.

ಮನೆಗೆ ತಂದು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ನೋಡಿದರೆ 447 ಜಿಬಿ! 33 ಜಿಬಿ ನುಂಗಿಬಿಟ್ಟಿದ್ದಾನೆ ಅಂತ ಅಂಗಡಿಗೆ ಫೋನ್ ಮಾಡಿ ಕೂಗಾಡಿದೆ. "ಕಂಪನಿಯವರು ಸಾವಿರದ ಲೆಕ್ಕದಲ್ಲಿ ಬರೀತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರ್ಸುತ್ತೆ ಸಾರ್. ಎಲ್ಲಿ ತಗೊಂಡ್ರೂ ಅಷ್ಟೇ." ಹಳೆಯ 500 ಜಿಬಿ ಡಿಸ್ಕೂ ಇಷ್ಟು ವರ್ಷ 465 ಅಂತಲೇ ತೋರಿಸುತ್ತಿತ್ತು. ನಾನು ನೋಡಿಯೇ ಇರಲಿಲ್ಲ. ದುಡ್ಡು ಕೊಟ್ಟು ಬಂದ ದಿನ ಮಾತ್ರ ಅಲ್ವಾ ನಾವು ತಕ್ಕಡಿ ನೋಡೋದು.

ರಾತ್ರಿಯಿಡೀ ಹಳೆಯದರಲ್ಲಿ ಇದ್ದಬದ್ದದ್ದೆಲ್ಲ ಹೊಸದಕ್ಕೆ ಕಾಪಿ ಆಯಿತು. ಬೆಳಗ್ಗೆ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಬ್ಯಾಟರಿ ತೆಗೆದು, ಹನ್ನೊಂದು ಸ್ಕ್ರೂ ಬಿಚ್ಚಿದೆ. ಹಳೆಯ ಡಿಸ್ಕ್ ಒಂಬತ್ತೂವರೆ ಮಿಲಿಮೀಟರ್ ದಪ್ಪ. ಹೊಸದು ಏಳೇ. ಸಿಗಿಸಿದರೆ ಲಟಲಟ ಅಲ್ಲಾಡುತ್ತಿತ್ತು. ಡಬ್ಬಿಯಲ್ಲಿ ತೆಳ್ಳಗಿನ ಒಂದು ಕಪ್ಪು ಪ್ಲಾಸ್ಟಿಕ್ ಚೌಕಟ್ಟು ಬಂದಿತ್ತು. ಈ ಎರಡೂವರೆ ಮಿಲಿಮೀಟರ್ ತುಂಬಿಸೋಕೇ ಅದನ್ನು ಕೊಟ್ಟಿರುತ್ತಾರಂತೆ. ನಾನು ಪ್ಯಾಕಿಂಗ್ ಅಂದುಕೊಂಡು ಎಸೆದಿದ್ದೆ. ಕಸದ ಗಾಡಿ ಏಳಕ್ಕೇ ಬಂದು ಹೋಗಿತ್ತು.

ಟಿವಿ ಪಕ್ಕ ಲಗ್ನಪತ್ರಿಕೆಗಳ ಕಂತೆ ಇತ್ತು. ಮೇಲಿನದನ್ನು ಎತ್ತಿಕೊಂಡೆ. ಈಗಿನ ಲಗ್ನಪತ್ರಿಕೆ ಅಂದರೆ ಸಾಮಾನ್ಯವೇ, ಒಳ್ಳೇ ರಟ್ಟಿನ ದಪ್ಪ. ಅಳತೆಗೆ ಕತ್ತರಿಸಿ ಮೂರು ಪದರ ಇಟ್ಟೆ. ಅಲ್ಲಾಟ ನಿಂತಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಬಟನ್ ಒತ್ತಿದರೆ ಕರೀ ಪರದೆ. ಬೂಟ್ ಆಗುವಂಥ ಡಿವೈಸೇ ಇಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಪುಣೆಗೆ ಫೋನ್.

"ಬಯೋಸ್‌ಗೆ ಹೋಗಿ ಮಾವ, ವಿಂಡೋಸ್‌ಗೂ ಮೊದಲು ಏಳೋ ಸೆಟ್ಟಿಂಗ್ ಪರದೆ ಅದು. ಕಂಪನಿ ಲೋಗೋ ಬರುತ್ತಲ್ಲ, ಆಗ ಎಫ್2 ಒತ್ತಿ."

ಲೋಗೋ ಬಂದು ಹೋಗೋದು ಎರಡೇ ಸೆಕೆಂಡು. ಕನ್ನಡಕ ಸರಿಮಾಡಿಕೊಂಡು ಎಫ್2 ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಬಸ್ಸು ಸ್ಟಾಪ್ ಬಿಟ್ಟಾಗಿತ್ತು. ಮೂರು ಸಲ ಹೀಗಾಯಿತು. ಕೊನೆಗೆ ಬಟನ್ ಒತ್ತಿದ ಕ್ಷಣದಿಂದಲೇ ಟಕಟಕಟಕ ಒತ್ತತೊಡಗಿದೆ. "ಏನ್ರೀ ಅದು, ಸಾಸಿವೆ ಸಿಡಿದಂಗೆ?" ಅಂತ ಒಳಗಿನಿಂದ ಹೆಂಡತಿ.

ಅಂತೂ ಬಯೋಸ್ ತೆರೆಯಿತು. ಬೂದು ಬಣ್ಣ, ನೀಲಿ ಅಕ್ಷರ, ಮೌಸ್ ನಡೆಯೋದಿಲ್ಲ. ಬಾಣದ ಗುರುತಿನ ಕೀಲಿಯಲ್ಲೇ ಓಡಾಡಬೇಕು. ಅಷ್ಟರಲ್ಲಿ ಅವನು "ಮಾವ, ಅರ್ಧ ಗಂಟೆ ಮೀಟಿಂಗ್ ಇದೆ. ಏನೂ ಮುಟ್ಬೇಡಿ" ಅಂತ ಫೋನ್ ಇಟ್ಟ.

ಅರ್ಧ ಗಂಟೆ ಸುಮ್ನೆ ಕೂರೋದು ಹೇಗೆ ಹೇಳಿ. 'ಸಾಟಾ ಮೋಡ್' ಅಂತ ಒಂದು ಸಾಲಿತ್ತು. ಮುಂದೆ ಎಎಚ್‌ಸಿಐ ಅಂತ ಬರೆದಿತ್ತು. ಎಂಟರ್ ಒತ್ತಿದರೆ ಕೆಳಗೆ ಐಡಿಇ. ಎಎಚ್‌ಸಿಐ ಯಾರೋ ಏನೋ, ಕೇಳಿದ ಹೆಸರಲ್ಲ. ಐಡಿಇ ಮಾತ್ರ ಹಳೇ ಕಂಪ್ಯೂಟರಿನ ಕಾಲದಲ್ಲಿ ಎಲ್ಲೋ ಕೇಳಿದ ನೆನಪು. ಪರಿಚಯದವರಿದ್ದರೆ ಒಳ್ಳೇದಲ್ವಾ ಅಂತ ಅದನ್ನೇ ಇಟ್ಟೆ.

ಮೀಟಿಂಗ್ ಮುಗಿಸಿ ಬಂದವನು ಬೂಟ್ ಮೋಡ್ ಏನಿದೆ ಅಂತ ಕೇಳಿದ. ಯುಇಎಫ್‌ಐ ಅಂದೆ. "ಅದೇ ಮತ್ತೆ! ಒಳಗಿನ ಬಟನ್ ಸೆಲ್ ಸತ್ತಿರ್ಬೇಕು. ಬ್ಯಾಟರಿ ತೆಗೆದ ತಕ್ಷಣ ಸೆಟ್ಟಿಂಗ್ ಎಲ್ಲ ಮರೆತು ಫ್ಯಾಕ್ಟರಿಯಲ್ಲಿ ಇದ್ದ ಹಾಗೆ ಆಗಿದೆ. ಯುಇಎಫ್‌ಐ ಹೊಸ ಪದ್ಧತಿ, ನಿಮ್ಮ ವಿಂಡೋಸ್ ಹಳೇ ಪದ್ಧತೀಲಿ, ಅಂದ್ರೆ ಲೆಗಸೀಲಿ, ಹಾಕಿದ್ದು. ಲೆಗಸಿ ಮಾಡಿ, ಎಫ್10 ಒತ್ತಿ ಸೇವ್ ಮಾಡಿ." ಮಾಡಿದೆ. ಲೋಗೋ ಬಂತು, ಚುಕ್ಕೆ ಬಂತು, ಆಮೇಲೆ ಪರದೆಯೆಲ್ಲ ನೀಲಿಯಾಗಿ, ಸೊಟ್ಟಬಾಯಿ ಮಾಡಿಕೊಂಡ ಒಂದು ಮುಖ ಕಾಣಿಸಿತು. ಅಡಿಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್'. ಓದಿ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಏನಾದ್ರೂ ಮುಟ್ಟಿದ್ರಾ?"

"ಇಲ್ವಲ್ಲಪ್ಪ."

"ಮಾವ..."

"ಐಡಿಇ ಅಂತ ಒಂದಿತ್ತು, ಅಷ್ಟೇ."

ಪಾಪ, ಬೈಯಲಿಲ್ಲ. ಡಿಸ್ಕಿನ ಜೊತೆ ಯಾವ ರೀತಿ ಮಾತಾಡಬೇಕು ಅಂತ ವಿಂಡೋಸ್ ಮೊದಲೇ ಗೊತ್ತುಮಾಡಿಕೊಂಡು, ಆ ಒಂದೇ ಡ್ರೈವರ್ ಹಿಡಿದು ಏಳುತ್ತದಂತೆ. "ಅದು ಮನೆ ಬಾಗಿಲು ಪೂರ್ವಕ್ಕಿದೆ ಅಂತ ನಂಬ್ಕೊಂಡಿದೆ. ನೀವು ಪಶ್ಚಿಮಕ್ಕೆ ತಿರುಗಿಸಿ ಇಟ್ರೆ ಗೋಡೆಗೆ ಡಿಕ್ಕಿ ಹೊಡಿಯುತ್ತೆ." ವಾಸ್ತು ಅಂದ ಮೇಲೆ ನನಗೂ ಅರ್ಥವಾಯಿತು. ಎಎಚ್‌ಸಿಐ ಮಾಡಿದೆ. ಹದಿನೆಂಟು ಸೆಕೆಂಡಿಗೆ ವಿಂಡೋಸ್ ಎದ್ದು ಕೂತಿತು! ಕಟಕಟ ಇಲ್ಲ, ಗುಂಯ್ ಇಲ್ಲ. "ಆಫ್ ಆಯ್ತೇನ್ರೀ?" ಅಂತ ಹೆಂಡತಿ ಬಂದು ನೋಡಿದಳು. ಡಿಕಾಕ್ಷನ್ನಿನ ಮೊದಲ ಹನಿಯೂ ಬಿದ್ದಿರಲಿಲ್ಲ.

ಖುಷಿಯಲ್ಲಿ ಬ್ಯಾಂಕಿನ ಸೈಟ್ ತೆರೆದೆ. ಸಂಪರ್ಕ ಸುರಕ್ಷಿತವಲ್ಲ ಅಂತ ಕೆಂಪು ಗುರುತು. ಎದೆ ಧಸಕ್ಕೆಂದಿತು, ಉಳಿತಾಯವೆಲ್ಲ ಹೋಯಿತು ಅಂದುಕೊಂಡೆ. ನೋಡಿದರೆ, ಬಟನ್ ಸೆಲ್ ಸತ್ತಿದ್ದಕ್ಕೆ ಮೂಲೆಯ ಗಡಿಯಾರವೂ 2013ರ ಜನವರಿ 1ಕ್ಕೆ ಹೋಗಿ ಕೂತಿತ್ತು. ಬ್ಯಾಂಕಿನ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದೆ. ನನ್ನ ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಅದಿನ್ನೂ ಹುಟ್ಟಿಯೇ ಇರಲಿಲ್ಲ. ತಾರೀಖು ಸರಿಮಾಡಿದೆ, ಸರಿಹೋಯಿತು. ಆ ಬಟನ್ ಸೆಲ್ ಬದಲು ಹೊಸ ಸಿಆರ್2032 ಸೆಲ್ ತಂದು ಹಾಕಿ ಅಂತ ಅಕ್ಕನ ಮಗ ಹೇಳಿದ್ದ. ನಾಳೆ ತಂದರಾಯಿತು ಅಂದುಕೊಂಡೆ.

ಶನಿವಾರ ರಾತ್ರಿ ಹೆಂಡತಿ ಸೀರೆ ತೆಗೆದಿಡುತ್ತಾ "ರೀ, ನಾಳೆ ಛತ್ರ ಯಾವುದು ಅಂತ ಪತ್ರಿಕೆ ನೋಡಿ ಹೇಳಿ. ಟಿವಿ ಪಕ್ಕ ಮೇಲ್ಗಡೆನೇ ಇಟ್ಟಿದ್ದೆ" ಅಂದಳು.

ಟಿವಿ ಪಕ್ಕ ಉಳಿದಿದ್ದು ಗಣಪತಿ ಚಿತ್ರವಿದ್ದ ಕವರ್ ಮಾತ್ರ.

"ನೋಡ್ತೀನಿ ಇರು" ಅಂತ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ, ಸ್ಕ್ರೂಡ್ರೈವರ್ ತೆಗೆದೆ. ಬ್ಯಾಟರಿ ಕಿತ್ತೆ. ಹಾಳಾಗಲಿ, ಗಡಿಯಾರ ಮತ್ತೆ 2013ಕ್ಕೆ ಹೋದರೆ ಹೋಗಲಿ. ಈ ಸಲ ಹನ್ನೊಂದೂ ಸ್ಕ್ರೂ ಎಂಟೇ ನಿಮಿಷಕ್ಕೆ ಬಂದವು. ಮೊದಲ ಪದರದಲ್ಲಿ 'ಆಶೀರ್ವಾದವೇ ಉಡುಗೊರೆ'. ಎರಡನೆಯದರಲ್ಲಿ ವರನ ಡಿಗ್ರಿಗಳು. ಮೂರನೆಯದರಲ್ಲಿ ಸ್ಥಳ ಇತ್ತು, ಕತ್ತರಿ ಆಡಿದ್ದೂ ಅಲ್ಲೇ: '...ಶ್ವರ ಕಲ್ಯಾಣ ಮಂಟಪ, ಬೆಂಗಳೂರು'. ಈ ಊರಿನಲ್ಲಿ ಶ್ವರ ಅಂತ ಮುಗಿಯದ ಛತ್ರ ಯಾವುದಿದೆ?

ಬಾಗಿಲು ಕಿರ್ ಅಂದಿತು. ತಿರುಗಿದರೆ ಇವಳು. ಬಿಚ್ಚಿಟ್ಟ ಲ್ಯಾಪ್‌ಟಾಪ್ ನೋಡಿದಳು, ನನ್ನ ಕೈಯಲ್ಲಿದ್ದ ಅರಿಶಿನ ಬಣ್ಣದ ಚೂರುಗಳನ್ನು ನೋಡಿದಳು.

"ಏನಾದ್ರೂ ಮುಟ್ಟಿದ್ರಾ?"

"ಇಲ್ವಲ್ಲ" ಅಂದೆ.