ರೂಟ್ 28ರಲ್ಲಿ ಸೋತ ಬಾಬ್ ಮಾರ್ಷಲ್

ನಮ್ಮ ಏರಿಯಾಕ್ಕೆ 26 ವರ್ಷ ಒಬ್ಬರೇ ಎಂಎಲ್‌ಎ. ಹೆಸರು ಬಾಬ್ ಮಾರ್ಷಲ್. ಊರಲ್ಲಾಗಿದ್ದರೆ ಅಷ್ಟು ವರ್ಷಕ್ಕೆ ಅವರ ಹೆಸರಲ್ಲಿ ಒಂದು ಸರ್ಕಲ್ಲು, ಒಂದು ಬಸ್ ಸ್ಟ್ಯಾಂಡು, ಒಂದೆರಡು ಕಲ್ಯಾಣ ಮಂಟಪ ಎದ್ದಿರುತ್ತಿದ್ದವು.

ನಾವಿರುವುದು ಅಮೆರಿಕದ ವರ್ಜೀನಿಯಾ ರಾಜ್ಯದ ಮನಾಸಸ್ ಪಾರ್ಕ್‌ನಲ್ಲಿ. ವಾಷಿಂಗ್ಟನ್‌ನಿಂದ ಪಶ್ಚಿಮಕ್ಕೆ, ಟ್ರಾಫಿಕ್ ಇಲ್ಲದಿದ್ದರೆ ಮುಕ್ಕಾಲು ಗಂಟೆ. ಟ್ರಾಫಿಕ್ ಇಲ್ಲದ ದಿನ ಯಾವುದು ಅಂತ ಕೇಳಬೇಡಿ.

ಈ ಮಾರ್ಷಲ್ ಪುರಾಣ ಈಗ ಯಾಕೆ ಅಂದರೆ, ಮೊನ್ನೆ ಗೆಳೆಯರ ಮನೆ ಊಟದಲ್ಲಿ ಹುಡುಗನೊಬ್ಬ ಸಿಕ್ಕಿದ್ದ. ಹೊಸದಾಗಿ ಸಿಟಿಜನ್ ಆಗಿದ್ದಾನೆ, ಮೊದಲ ಓಟು. ಚಿತ್ರಾನ್ನದ ತಟ್ಟೆ ಹಿಡಿದುಕೊಂಡೇ ಕೇಳಿದ. "ಅಣ್ಣಾ, ಈ ಸ್ಟೇಟ್ ಎಲೆಕ್ಷನ್‌ಗೆ ನಿಂತವರ ಬಗ್ಗೆ ಓದ್ತಾ ಇದ್ದೆ. ಕನ್ಸರ್ವೇಟಿವ್ ಅಂತ ಹಾಕಿಕೊಂಡಿದ್ದಾರೆ ಅಂದ ತಕ್ಷಣ ಬಿಟ್ಟುಬಿಡಬೇಕಾ? ಅಥವಾ ಅದಕ್ಕೇ ಹಾಕಬೇಕಾ?" ಕನ್ಸರ್ವೇಟಿವ್ ಅಂದರೆ ಸಂಪ್ರದಾಯವಾದಿ. ಎರಡೂ ಬೇಡ ಅಂದೆ. ಆಮೇಲೆ ಮಾರ್ಷಲ್ ಕಥೆ ಶುರು ಮಾಡಿದೆ. ಅವನ ಚಿತ್ರಾನ್ನ ತಣ್ಣಗಾಯಿತು. ಅಲ್ಲಿ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಮುಗಿಸುತ್ತಿದ್ದೇನೆ.

ಮೊದಲು ಇಲ್ಲಿನ ವ್ಯವಸ್ಥೆ ಸ್ವಲ್ಪ. ವರ್ಜೀನಿಯಾದಲ್ಲಿ ಎಂಎಲ್‌ಎ ಅನ್ನುವುದಿಲ್ಲ, ಡೆಲಿಗೇಟ್ ಅನ್ನುತ್ತಾರೆ. ಕೆಳಮನೆಯಲ್ಲಿ 100 ಸೀಟು, ಎರಡು ವರ್ಷಕ್ಕೊಮ್ಮೆ ಎಲೆಕ್ಷನ್, ಅದೂ ಬೆಸ ವರ್ಷದಲ್ಲಿ. ಈ ಸಭೆಯ ಬೇರು 1619ರಷ್ಟು ಹಳೆಯದು, ಅಮೆರಿಕ ಅನ್ನುವ ದೇಶಕ್ಕಿಂತ ಒಂದೂವರೆ ಶತಮಾನ ಹಿರಿಯದು. ಸಂಬಳ ಎಷ್ಟು ಗೊತ್ತಾ? ನಾನು ಹೇಳುವ ಕಾಲಕ್ಕೆ ಡೆಲಿಗೇಟ್‌ಗೆ ವರ್ಷಕ್ಕೆ 17,640 ಡಾಲರ್. ಅದರಲ್ಲಿ ಇಲ್ಲಿ ಮನೆ ಬಾಡಿಗೆಯೂ ಪೂರ್ತಿ ಬರುವುದಿಲ್ಲ. ವರ್ಷಕ್ಕೆ ಒಂದೂವರೆ ಎರಡು ತಿಂಗಳು ರಾಜಧಾನಿ ರಿಚ್ಮಂಡ್‌ನಲ್ಲಿ ಅಧಿವೇಶನ, ಉಳಿದಂತೆ ಅವರವರ ಕೆಲಸ. ಒಂದು ಕ್ಷೇತ್ರಕ್ಕೆ ಸುಮಾರು 80 ಸಾವಿರ ಜನ. ನಮ್ಮ ಕರ್ನಾಟಕದಲ್ಲಿ 224 ಕ್ಷೇತ್ರ, 2011ರ ಜನಗಣತಿ ಹಿಡಿದರೂ ಒಂದಕ್ಕೆ ಎರಡೂಮುಕ್ಕಾಲು ಲಕ್ಷ. ಅಂದರೆ ಇಲ್ಲಿ ಎಲೆಕ್ಷನ್‌ಗೆ ನಿಂತವರು ಮನಸ್ಸು ಮಾಡಿದರೆ ಹೆಚ್ಚುಕಮ್ಮಿ ಎಲ್ಲರ ಮನೆ ಬಾಗಿಲೂ ತಟ್ಟಬಹುದು. ಈ ಮಾತು ಮುಂದೆ ಬೇಕಾಗುತ್ತದೆ.

ಈಗ ಮಾರ್ಷಲ್. 1991ರಲ್ಲಿ ಮೊದಲ ಸಲ ಗೆದ್ದರು. 13ನೇ ಕ್ಷೇತ್ರದಿಂದ, ಒಂದಾದ ಮೇಲೊಂದು, 13 ಸಲ. (ನಮ್ಮಜ್ಜಿ ಇದ್ದಿದ್ದರೆ ಅಲ್ಲೇ ಏನೋ ಒಂದು ಲೆಕ್ಕ ಹಾಕುತ್ತಿದ್ದರು.) ಕಟ್ಟಾ ಕ್ಯಾಥೊಲಿಕ್. ಗರ್ಭಪಾತ ವಿರೋಧಿ ಸಂಘಟನೆಯಲ್ಲಿ ಕೆಲಸ ಮಾಡಿ ರಾಜಕೀಯಕ್ಕೆ ಬಂದವರು. ಪಾರ್ಟಿ ರಿಪಬ್ಲಿಕನ್, ಆದರೆ ಪಾರ್ಟಿಯ ಮಾತನ್ನೂ ಕೇಳುವ ಜನ ಅಲ್ಲ. 2008ರಲ್ಲಿ ಅಮೆರಿಕದ ಸೆನೆಟ್ ಟಿಕೆಟ್‌ಗೆ ಮಾಜಿ ಗವರ್ನರ್ ಜಿಮ್ ಗಿಲ್ಮೋರ್ ಅವರ ಎದುರೇ ನಿಂತು ಕೂದಲೆಳೆಯಷ್ಟರಲ್ಲಿ ಸೋತರು. 2012ರಲ್ಲಿ ಮತ್ತೆ ಕೇಳಿದರು, ಮತ್ತೆ ಸಿಗಲಿಲ್ಲ.

ಅವರ ನಿಲುವುಗಳಲ್ಲಿ ಜಾಸ್ತಿ ಸುದ್ದಿಯಾದದ್ದು ಎರಡು ವಿಷಯ, ಗರ್ಭಪಾತ ಮತ್ತು ಸಲಿಂಗಿಗಳು. ಮದುವೆ ಅಂದರೆ ಒಂದು ಗಂಡು ಒಂದು ಹೆಣ್ಣಿನ ನಡುವೆ ಮಾತ್ರ ಅಂತ ವರ್ಜೀನಿಯಾದ ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿಯಲ್ಲಿ ಅವರದೇ ಹೆಸರಿದೆ, ಮಾರ್ಷಲ್-ನ್ಯೂಮನ್ ತಿದ್ದುಪಡಿ. 2006ರಲ್ಲಿ ಜನರೇ ಓಟು ಹಾಕಿ ಶೇ. 57ರಷ್ಟು ಬೆಂಬಲ ಕೊಟ್ಟರು. 2014ರಲ್ಲಿ ಕೋರ್ಟ್ ತೀರ್ಪಿನಿಂದ ಅದು ನಡೆಯದಾಯಿತು. ಗರ್ಭ ನಿಂತ ಕ್ಷಣದಿಂದಲೇ ಭ್ರೂಣ ಒಬ್ಬ ವ್ಯಕ್ತಿ ಅನ್ನುವ ಮಸೂದೆ 2012ರಲ್ಲಿ ತಂದರು. ಕೆಳಮನೆಯಲ್ಲಿ ಪಾಸಾಯಿತು, ರಾಜ್ಯದ ಮೇಲ್ಮನೆ ಸೆನೆಟ್ ಅದನ್ನು ಮೂಲೆಗೆ ಸರಿಸಿತು. ಅಂಗವಿಕಲ ಮಕ್ಕಳು ಹುಟ್ಟುವುದಕ್ಕೂ ತಾಯಿ ಹಿಂದೆ ಮಾಡಿಸಿಕೊಂಡ ಗರ್ಭಪಾತಕ್ಕೂ ಗಂಟು ಹಾಕಿ 2010ರಲ್ಲಿ ಮಾತಾಡಿ, ದೊಡ್ಡ ಗಲಾಟೆಯಾಗಿ, ಆಮೇಲೆ ವಿಷಾದ ಹೇಳಿದರು. ಅದನ್ನು ಓದಿದ ದಿನ ನನ್ನ ಹೆಂಡತಿ ಫೋನ್ ಕೆಳಗಿಟ್ಟು ಒಂದು ಮಾತೂ ಆಡದೆ ಪಾತ್ರೆ ತೊಳೆಯಲು ಎದ್ದು ಹೋದಳು.

ಇಷ್ಟೇ ಹೇಳಿ ನಿಲ್ಲಿಸಿದರೆ ಮೋಸ ಆಗುತ್ತದೆ. ಮನುಷ್ಯನಿಗೆ ಇನ್ನೊಂದು ಮುಖ ಇತ್ತು. ಅಮೆರಿಕದ ಪ್ರಜೆಗಳನ್ನು ವಿಚಾರಣೆ ಇಲ್ಲದೆ ಮಿಲಿಟರಿ ಹಿಡಿದಿಟ್ಟುಕೊಳ್ಳಬಹುದು ಅನ್ನುವ ಭಯ ಒಂದು ಕೇಂದ್ರ ಕಾನೂನಿನಿಂದ ಹುಟ್ಟಿತ್ತಲ್ಲ, ಅಂಥ ಕೆಲಸಕ್ಕೆ ನಮ್ಮ ರಾಜ್ಯದ ಪೊಲೀಸರು ಕೈಜೋಡಿಸುವಂತಿಲ್ಲ ಅಂತ 2012ರಲ್ಲಿ ಕಾನೂನು ತಂದವರು ಇದೇ ಮಾರ್ಷಲ್. ಎಡದವರೂ ಅದಕ್ಕೆ ಚಪ್ಪಾಳೆ ತಟ್ಟಿದರು. ಡೇಟಾ ಸೆಂಟರ್‌ಗೋಸ್ಕರ ಹೇಮಾರ್ಕೆಟ್ ಕಡೆ ಜನರ ಮನೆ ಪಕ್ಕದಲ್ಲೇ ದೊಡ್ಡ ಕರೆಂಟ್ ಲೈನ್ ಎಳೆಯಲು ಹೊರಟಾಗ ಊರವರ ಜೊತೆ ನಿಂತರು. ಇನ್ನು ಡಾಲರ್ ಮುಳುಗಿದರೆ ಏನು ಮಾಡೋದು, ವರ್ಜೀನಿಯಾಕ್ಕೆ ಬೇರೆ ನಾಣ್ಯ ಬೇಕಾ ಅಂತ ಪರಿಶೀಲಿಸಲು ಒಂದು ಸಮಿತಿ ಮಾಡಿ ಅಂತಲೂ ಕೇಳಿದ್ದರು. ಅದನ್ನು ಹಾಗೇ ಬಿಡೋಣ.

ನನಗೆ ನಿಜಕ್ಕೂ ಹಿಡಿಸಿದ್ದು ಅವರ ಟ್ಯಾಕ್ಸ್ ಕೇಸು. ನಾನಿಲ್ಲಿಗೆ ಬರುವ ಮೊದಲಿನದು. ಉತ್ತರ ವರ್ಜೀನಿಯಾದ ರಸ್ತೆಗಳಿಗೆ ದುಡ್ಡು ಸಾಲುತ್ತಿರಲಿಲ್ಲ. ಟ್ಯಾಕ್ಸ್ ಹಾಕಿದ ಕೆಟ್ಟ ಹೆಸರು ತಮಗೆ ಬೇಡ ಅಂತ ಶಾಸಕರು 2007ರಲ್ಲಿ ಒಂದು ಉಪಾಯ ಮಾಡಿದರು. ಉತ್ತರ ವರ್ಜೀನಿಯಾ ಸಾರಿಗೆ ಪ್ರಾಧಿಕಾರ ಅಂತ ಒಂದು ಮಂಡಳಿ ಇತ್ತು. ಟ್ಯಾಕ್ಸು, ಫೀಸು ಹಾಕುವ ಅಧಿಕಾರವನ್ನು ಅದರ ಕೈಗೆ ಕೊಟ್ಟು ತಾವು ಕೈ ತೊಳೆದುಕೊಂಡರು. ಮಾರ್ಷಲ್ ಕೋರ್ಟ್‌ಗೆ ಹೋದರು. 2008ರ ಫೆಬ್ರುವರಿ 29ರಂದು ವರ್ಜೀನಿಯಾ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟಿತು. ಜನ ಆರಿಸಿ ಕಳಿಸದ ಮಂಡಳಿಗೆ ಟ್ಯಾಕ್ಸ್ ಹಾಕುವ ಅಧಿಕಾರ ಕೊಡುವ ಹಾಗಿಲ್ಲ, ಹಾಕುವುದಿದ್ದರೆ ನೀವೇ ಕೈ ಎತ್ತಿ ಹಾಕಿ ಅಂತ.

ಕನ್ಸರ್ವೇಟಿವ್ ಅಂದರೆ ಇದು ಅನ್ನುತ್ತೇನೆ ನಾನು. ನನ್ನ ಜೇಬಿಗೆ ಕೈ ಹಾಕುವವನ ಮುಖ ನನಗೆ ಕಾಣಬೇಕು, ಮುಂದಿನ ಸಲ ಅವನನ್ನು ಮನೆಗೆ ಕಳಿಸುವ ದಾರಿ ನನಗಿರಬೇಕು. ಇದರಲ್ಲಿ ತಪ್ಪೇನಿದೆ? ಮಾರ್ಷಲ್ ಮಾತಿನಲ್ಲಿ ನಾನು ಒಪ್ಪದ್ದು ನೂರಿದೆ, ಆದರೆ ಈ ಕೇಸಿನಲ್ಲಿ ಅವರೇ ಸರಿ.

ಸರಿ, ತಪ್ಪು ದಾರಿಯಲ್ಲಿ ಹಾಕಿದ ಟ್ಯಾಕ್ಸ್ ರದ್ದಾಯಿತು. ರಸ್ತೆ ಏನಾಯಿತು?

ರೂಟ್ 28 ಅಂತ ಒಂದು ರಸ್ತೆ. ಮನಾಸಸ್‌ನಿಂದ ಹೊರಟು ನಮ್ಮ ಊರಿನ ಪಕ್ಕದಲ್ಲಿ ಹಾದು, ಬುಲ್ ರನ್ ಅನ್ನುವ ಹೊಳೆ ದಾಟಿ, ಸೆಂಟರ್‌ವಿಲ್ ಮೇಲೆ ವಾಷಿಂಗ್ಟನ್‌ನ ಡಲ್ಲಸ್ ಏರ್‌ಪೋರ್ಟ್ ಕಡೆ ಹೋಗುತ್ತದೆ. ಹೊಳೆಯ ಹೆಸರು ಕೇಳಿರಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ 1861ರಲ್ಲಿ ಒಮ್ಮೆ, 1862ರಲ್ಲಿ ಇನ್ನೊಮ್ಮೆ ಇದೇ ಹೊಳೆಯ ದಂಡೆಯಲ್ಲಿ ಸೈನ್ಯಗಳು ಕಾದಾಡಿದವು. ಈಗ ನಾವು ದಿನಾ ಬೆಳಿಗ್ಗೆ ಕಾದಾಡುತ್ತೇವೆ, ಟೊಯೋಟಾ ಹೋಂಡಾಗಳಲ್ಲಿ.

ಬೆಳಿಗ್ಗೆ 6:40ಕ್ಕೆ ಮನೆ ಬಿಡುತ್ತಿದ್ದೆ. ಮನಾಸಸ್ ಡ್ರೈವ್ ಸಿಗ್ನಲ್‌ಗೆ ಬರುವಷ್ಟರಲ್ಲಿ ಮುಂದೆ ಕೆಂಪು ದೀಪಗಳ ಸಾಲು. ರಸ್ತೆಯ ಎರಡೂ ಕಡೆ ಟೈರ್ ಅಂಗಡಿ, ಟಾಕೊ ಅಂಗಡಿ, ಹಳೇ ಕಾರು ಮಾರುವವರು. ಪ್ರತಿ ಅಂಗಡಿಯ ಗೇಟಿನಿಂದಲೂ ಯಾರೋ ಒಬ್ಬರು ಮೂತಿ ತೂರಿಸುತ್ತಾರೆ. ಸ್ಟೀಲ್ ಲೋಟದಲ್ಲಿ ಕಾಫಿ ಒಯ್ಯುತ್ತಿದ್ದೆ. ಸೇತುವೆ ಮುಟ್ಟುವ ಹೊತ್ತಿಗೆ ಕಾಫಿ ಖಾಲಿ, ಒಂದು ಪೂರ್ತಿ ಸುಪ್ರಭಾತ ಮುಗಿದು ದಾಸರ ಪದ ಶುರುವಾಗಿರುತ್ತಿತ್ತು. ಅಷ್ಟು ದೂರ ಅಂದರೆ ನಾಲ್ಕು ಕಿಲೋಮೀಟರೂ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿದವನು ನಾನು, ಸುಮ್ನೆ ಗೊಣಗುವವನಲ್ಲ.

ಮಾರ್ಷಲ್ ಮೊದಲು ಗೆದ್ದಾಗ ಇಲ್ಲಿ ಇಷ್ಟು ಜನ ಇರಲಿಲ್ಲ. ನಮ್ಮ ಸುತ್ತಲಿನ ಪ್ರಿನ್ಸ್ ವಿಲಿಯಂ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಜನಸಂಖ್ಯೆ 1990ರಲ್ಲಿ ಸುಮಾರು 2.15 ಲಕ್ಷ, 2010ಕ್ಕೆ 4 ಲಕ್ಷ ದಾಟಿತು. ಬಂದವರೆಲ್ಲ ನಮ್ಮಂಥವರೇ. ಎಲ್ ಸಾಲ್ವಡಾರ್‌ನವರು, ಕೊರಿಯಾದವರು, ಪಾಕಿಸ್ತಾನದವರು, ತೆಲುಗಿನವರು, ನಾವು ಒಂದಷ್ಟು ಕನ್ನಡದವರು. ನಮ್ಮೆಲ್ಲರ ಜಾತಿ ಒಂದೇ, ರೂಟ್ 28 ಜಾತಿ.

ಹೀಗಿರುವಾಗ 2017ರ ಜನವರಿಯಲ್ಲಿ ನಮ್ಮ ಡೆಲಿಗೇಟ್ ರಿಚ್ಮಂಡ್‌ಗೆ ಏನು ಒಯ್ದರು? ಟಾಯ್ಲೆಟ್ ಮಸೂದೆ. ಹುಟ್ಟಿದಾಗಿನ ಪ್ರಮಾಣಪತ್ರದಲ್ಲಿ ಗಂಡು ಅಂತಿದ್ದರೆ ಶಾಲೆ, ಸರ್ಕಾರಿ ಕಟ್ಟಡಗಳಲ್ಲಿ ಗಂಡಸರ ಟಾಯ್ಲೆಟ್ಟೇ, ಹೆಣ್ಣು ಅಂತಿದ್ದರೆ ಹೆಂಗಸರದ್ದೇ. ಮಗುವೊಂದು ತನ್ನನ್ನು ಬೇರೆ ಲಿಂಗದ ಹೆಸರಲ್ಲಿ ಕರೆಯಿರಿ ಅಂತ ಕೇಳಿದರೆ ಹೆಡ್‌ಮಾಸ್ತರು 24 ಗಂಟೆಯೊಳಗೆ ಅಪ್ಪ ಅಮ್ಮನಿಗೆ ತಿಳಿಸಬೇಕು. ಪಕ್ಕದ ನಾರ್ತ್ ಕೆರೊಲಿನಾ ಹಿಂದಿನ ವರ್ಷ ಇಂಥದ್ದೇ ಕಾನೂನು ಮಾಡಿ, ಬ್ಯಾಸ್ಕೆಟ್‌ಬಾಲ್‌ನ ಆಲ್‌ಸ್ಟಾರ್ ಪಂದ್ಯವನ್ನೇ ಕಳೆದುಕೊಂಡಿತ್ತು. ಅದನ್ನು ನೋಡಿದ್ದ ಮಾರ್ಷಲ್ ಪಾರ್ಟಿಯವರೇ ಮಸೂದೆಯನ್ನು ಉಪಸಮಿತಿಯಲ್ಲಿ ಮಲಗಿಸಿದರು. ಡೆಮಾಕ್ರಟರಲ್ಲ, ಬಹುಮತ ಇದ್ದ ರಿಪಬ್ಲಿಕನ್ನರೇ.

ಆ ವರ್ಷ ಎದುರು ನಿಂತವರು ಡ್ಯಾನಿಕಾ ರೋಮ್. ವಯಸ್ಸು 33. ಮನಾಸಸ್‌ನಲ್ಲೇ ಹುಟ್ಟಿ ಬೆಳೆದವರು, ಇಲ್ಲಿನ ಲೋಕಲ್ ಪತ್ರಿಕೆಯಲ್ಲಿ ವರ್ಷಗಟ್ಟಲೆ ವರದಿಗಾರ್ತಿ, ಜೊತೆಗೆ ಒಂದು ಮೆಟಲ್ ಬ್ಯಾಂಡಿನಲ್ಲಿ ಗಾಯಕಿ. ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಬರೆಸಿದ್ದರೂ ಹೆಣ್ಣಾಗಿ ಬದುಕುವವರು. ದೇಶದ ಟಿವಿಗಳಿಗೆಲ್ಲ ಹಬ್ಬ. ಟಾಯ್ಲೆಟ್ ಮಸೂದೆಯವರ ಎದುರು ಟ್ರಾನ್ಸ್ ಅಭ್ಯರ್ಥಿ! (ನಮ್ಮ ದೇಶದಲ್ಲಿ ಇದೇನು ಹೊಸತಲ್ಲ. ಮಧ್ಯಪ್ರದೇಶದ ಸೋಹಾಗ್‌ಪುರದಿಂದ ಶಬನಂ ಮೌಸಿ ಇದಕ್ಕೂ ಎಷ್ಟೋ ವರ್ಷ ಮೊದಲೇ ಗೆದ್ದು ಎಂಎಲ್‌ಎ ಆಗಿದ್ದರು. ಇಲ್ಲಿನವರಿಗೆ ಹೇಳಿದರೆ ನಂಬುವುದಿಲ್ಲ.)

ಟಿವಿಯವರು ಏನೇ ಕೇಳಲಿ, ರೋಮ್ ಮಾತು ಬಂದು ನಿಲ್ಲುತ್ತಿದ್ದದ್ದು ರೂಟ್ 28ಕ್ಕೆ. ಯಾವ ಸಿಗ್ನಲ್ ತೆಗೆಯಬೇಕು, ಎಲ್ಲಿ ಮೇಲ್ಸೇತುವೆ ಬರಬೇಕು, ಮನಾಸಸ್ ಪಾರ್ಕ್‌ನಲ್ಲಿ ಟೀಚರ್‌ಗಳ ಸಂಬಳ ಎಷ್ಟು ಕಮ್ಮಿ. ಕೌನ್ಸಿಲ್ ಮೀಟಿಂಗುಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡವರ ಮಾತು ಅಂತ ಗೊತ್ತಾಗುತ್ತಿತ್ತು. ಮಾರ್ಷಲ್ ಆಕೆಯ ಜೊತೆ ಬಹಿರಂಗ ಚರ್ಚೆಗೇ ಒಪ್ಪಲಿಲ್ಲ. ಆಕೆಯನ್ನು ಕೊನೆಯವರೆಗೂ "ಅವನು" ಅಂತಲೇ ಕರೆದರು.

ನಮ್ಮ ಮನೆ ಬಾಗಿಲಿಗೆ ಆ ವರ್ಷ ರೋಮ್ ಕಡೆಯವರು ಮೂರು ಸಲ ಬಂದರು. ಓಟಿಲ್ಲ, ಗ್ರೀನ್ ಕಾರ್ಡ್ ಅಂತ ಮೂರು ಸಲವೂ ಹೇಳಿದೆ. ಮೂರನೇ ಸಲ ಬಂದ ಹುಡುಗಿ, "ಪರವಾಗಿಲ್ಲ, 28ರಲ್ಲಿ ನಿಮಗೆ ಎಲ್ಲಿ ಜಾಸ್ತಿ ಹೊತ್ತು ಹೋಗುತ್ತೆ ಹೇಳಿ" ಅಂದಳು. ನಾನು ಹತ್ತು ನಿಮಿಷ ಹೇಳಿದೆ. ಅವಳು ಬರೆದುಕೊಂಡಳು. ಓಟಿಲ್ಲದವನ ಗೋಳು ಬರೆದುಕೊಳ್ಳುವವರು ಎಲ್ಲಿ ಸಿಗುತ್ತಾರೆ ಹೇಳಿ. ಇದಕ್ಕೆಲ್ಲ ದುಡ್ಡೂ ಬೇಕು, ಅದೂ ರೋಮ್ ಹತ್ತಿರ ಜಾಸ್ತಿಯೇ ಇತ್ತು, ಹೊರಗಿನಿಂದ ಬೇಕಾದಷ್ಟು ಬಂದಿತ್ತು. ಅದನ್ನು ಮುಚ್ಚಿಡಬಾರದು.

ಪಕ್ಕದ ಮನೆಯ ಹಿರಿಯರು ಒಬ್ಬರಿದ್ದಾರೆ. ಭಾನುವಾರ ತಪ್ಪದೆ ಚರ್ಚ್, ಶನಿವಾರ ತಪ್ಪದೆ ಹುಲ್ಲು ಕತ್ತರಿಸುವುದು. ಅವರ ಅಂಗಳದಲ್ಲಿ ಮಾರ್ಷಲ್ ಬೋರ್ಡು. ಒಂದು ಸಂಜೆ ಪೋಸ್ಟ್ ಡಬ್ಬದ ಹತ್ತಿರ ಸಿಕ್ಕಾಗ ಅವರೇ 28ಕ್ಕೆ ಬೈಯಲು ಶುರು ಮಾಡಿದರು, ನನಗಿಂತ ಜೋರಾಗಿ. "ಹಾಗಾದರೆ ಓಟು?" ಅಂದೆ. "ಬಾಬ್‌ಗೇ," ಅಂದರು. "ರಸ್ತೆ ಇವತ್ತಲ್ಲ ನಾಳೆ ಆಗುತ್ತೆ. ಹುಟ್ಟದೇ ಹೋದ ಮಗು ನಾಳೆ ಬರುತ್ತಾ?"

ನಾನು ಏನೂ ಹೇಳಲಿಲ್ಲ. ನಾನು ಹಾಗೆ ಯೋಚಿಸುವುದಿಲ್ಲ, ಆದರೆ ಆ ಮಾತನ್ನು ನಗೆಯಾಡಲು ಇವತ್ತಿಗೂ ನನಗೆ ಮನಸ್ಸಿಲ್ಲ. ಅವರ ಪಾಲಿಗೆ ಮಾರ್ಷಲ್ 26 ವರ್ಷ ಮಾತು ತಪ್ಪದ ಮನುಷ್ಯ. ಅದೂ ಸುಳ್ಳಲ್ಲ.

ನವೆಂಬರ್ 7ರ ರಾತ್ರಿ ರೋಮ್ ಹೆಚ್ಚುಕಮ್ಮಿ ಶೇ. 54, ಮಾರ್ಷಲ್ ಶೇ. 46. ಮಾರ್ಷಲ್ ಬಗ್ಗೆ ಏನಂತೀರಿ ಅಂತ ರೋಮ್‌ರನ್ನು ಕೇಳಿದಾಗ, ನನ್ನ ಮತದಾರರನ್ನು ನಾನು ಬೈಯುವುದಿಲ್ಲ, ಬಾಬ್ ಈಗ ನನ್ನ ಮತದಾರ ಅಂದರು. ಸೋತವರಿಗೆ ಇದಕ್ಕಿಂತ ಖಾರದ ಒಗ್ಗರಣೆ ಇನ್ನೇನಿರುತ್ತೆ!

ಟ್ರಂಪ್ ಮೇಲಿನ ಸಿಟ್ಟಿಗೆ ಮಾರ್ಷಲ್ ಬಲಿಯಾದರು ಅನ್ನುವವರಿದ್ದಾರೆ. ಅದೂ ಹೌದು. ಆ ದಿನ ವರ್ಜೀನಿಯಾದಲ್ಲಿ ರಿಪಬ್ಲಿಕನ್ನರು 15 ಸೀಟು ಕಳೆದುಕೊಂಡರು. ಆದರೆ ನನ್ನ ತಕರಾರು ಬೇರೆ. ಮಾರ್ಷಲ್ ಸೋತದ್ದು ಕನ್ಸರ್ವೇಟಿವ್ ಆಗಿದ್ದಕ್ಕಲ್ಲ. ಕನ್ಸರ್ವೇಟಿವ್ ಆಗಿ ರಸ್ತೆ ಬಗ್ಗೆ ಹೇಳಲು ಬೇಕಾದಷ್ಟಿತ್ತು. ದುಡ್ಡು ಎಲ್ಲಿ ಪೋಲಾಗುತ್ತಿದೆ, ಟ್ಯಾಕ್ಸ್ ಏರಿಸದೆ ಯಾವ ಸಿಗ್ನಲ್ ಮೊದಲು ತೆಗೆಯಬಹುದು, ಇಷ್ಟು ಮನೆ ಕಟ್ಟಲು ಪರ್ಮಿಟ್ ಕೊಟ್ಟವರ್ಯಾರು. ಟ್ಯಾಕ್ಸ್ ಕೇಸು ಗೆದ್ದವರಿಗೆ ಇದೆಲ್ಲ ನಾಲಿಗೆ ತುದಿಯಲ್ಲಿರಬೇಕಿತ್ತು. ಅದನ್ನು ಬಿಟ್ಟು ಯಾರು ಯಾವ ಟಾಯ್ಲೆಟ್‌ಗೆ ಹೋಗಬೇಕು ಅಂತ ಕೂತರು. ಅದಕ್ಕೇ ಆ ಹುಡುಗನಿಗೆ ಹೇಳಿದೆ, ಅಭ್ಯರ್ಥಿ ಕೊಟ್ಟ ಪಾಂಪ್ಲೆಟ್ ಬದಿಗಿಡು, ಅವರು ತಂದ ಮಸೂದೆಗಳ ಪಟ್ಟಿ ತೆಗೆದು ನೋಡು, ಎಲ್ಲ ವೆಬ್‌ಸೈಟಿನಲ್ಲೇ ಇದೆ ಅಂತ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2013ರಲ್ಲಿ ರಿಪಬ್ಲಿಕನ್ ಗವರ್ನರ್ ಬಾಬ್ ಮೆಕ್‌ಡೊನೆಲ್ ಕಾಲದಲ್ಲಿ ಶಾಸನಸಭೆಯೇ ಕೈ ಎತ್ತಿ ಟ್ಯಾಕ್ಸ್ ಹಾಕಿ, ಅದೇ ಸಾರಿಗೆ ಪ್ರಾಧಿಕಾರಕ್ಕೆ ದುಡ್ಡು ಕೊಟ್ಟಿತ್ತು. ಕೋರ್ಟ್ ಹೇಳಿದ್ದೂ ಅದನ್ನೇ ಅಲ್ವಾ? ಬುಲ್ ರನ್ ಸೇತುವೆಯಿಂದ ರೂಟ್ 29ರವರೆಗೆ, ಹೊಳೆಯಾಚೆಯ ಫೇರ್‌ಫ್ಯಾಕ್ಸ್ ಕೌಂಟಿ ಕಡೆಯ ರೂಟ್ 28 ಈಗ ನಾಲ್ಕು ಲೇನ್ ಹೋಗಿ ಆರು ಲೇನ್ ಆಗಿದೆಯಲ್ಲ, ಅದಕ್ಕೆ ಆ ಪ್ರಾಧಿಕಾರದ ದುಡ್ಡೂ ಬಿದ್ದಿದೆ. ರೋಮ್ ಇನ್ನೆರಡು ಸಲ ಗೆದ್ದು, 2023ರಲ್ಲಿ ರಾಜ್ಯ ಸೆನೆಟ್‌ಗೆ ಹೋದರು.

ನಮ್ಮ ಕಡೆ ಮಾತ್ರ ಹಾಗೇ ಇದೆ. ಸಂಜೆ ವಾಪಸ್ ಬರುವಾಗ ಆರು ಲೇನ್‌ನಲ್ಲಿ ಗಾಳಿ ಹಾಗೆ ಬಂದು, ಸೇತುವೆ ದಾಟಿದ ಕೂಡಲೇ ರಸ್ತೆ ನಾಲ್ಕು ಲೇನ್‌ಗೆ ಇಳಿಯುತ್ತದೆ. ನಿನ್ನೆ ಅಲ್ಲೇ ಟೈರ್ ಅಂಗಡಿ ಎದುರು ನಿಂತಿದ್ದೆ. ಪಕ್ಕದ ಲೇನಿನಲ್ಲಿ ಹಳೇ ಪಿಕಪ್ ಒಂದು ಬಂದು ನಿಂತಿತು. ನೋಡಿದರೆ ನಮ್ಮ ಪಕ್ಕದ ಮನೆಯವರೇ. ಗಾಜು ಇಳಿಸಿ ಮುಂದಿನ ಸಾಲು ತೋರಿಸಿ, "ನಿಮ್ಮ ಸೆನೆಟರ್‌ಗೆ ಫೋನ್ ಮಾಡು" ಅಂದರು. ಈಗ ನನಗೆ ಓಟಿದೆ ಅಂತ ಅವರಿಗೆ ಗೊತ್ತು.