ಕಾರ್ಡು ಪುಟ್ಟಿಯದು, ದಂಡ ಅಪ್ಪನದು

ಮಗುವಿಗೆ ಲೈಬ್ರರಿ ಕಾರ್ಡು ಮಾಡಿಸೋಣ ಎಂದು ಹೊರಟ ಮನೆಯಲ್ಲಿ ಮೊದಲು ನಾಪತ್ತೆಯಾಗುವುದು ಪಾಸ್‌ಪೋರ್ಟ್ ಅಳತೆಯ ಫೋಟೊ. ಶಾಲೆಗೆ ಸೇರಿಸುವಾಗ ತೆಗೆಸಿದ ಎಂಟರಲ್ಲಿ ಆರು ಎಲ್ಲಿ ಹೋದವೋ ದೇವರಿಗೇ ಗೊತ್ತು. ಉಳಿದೆರಡು ಗ್ಯಾಸಿನ ಪುಸ್ತಕದೊಳಗೆ ಸಿಗುತ್ತವೆ, ಚಿಕ್ಕಮಗಳೂರಿನ ಥಂಡಿಗೆ ಒಂದರ ಮುಖಕ್ಕೊಂದು ಮುಖ ಅಂಟಿಸಿಕೊಂಡು. ಬಿಡಿಸಿದರೆ ಒಂದಕ್ಕೆ ಮೂಗಿಲ್ಲ, ಇನ್ನೊಂದಕ್ಕೆ ಎರಡು.

ಹಳ್ಳಿಯವರಿಗೆ ಈ ಕೆಲಸ ಸಲೀಸು. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪೇಟೆಯ ಗ್ರಂಥಾಲಯವಾದರೆ ಫೋಟೊ, ಆಧಾರಿನ ಜೆರಾಕ್ಸ್, ವಿಳಾಸದ ದಾಖಲೆ, ಪೋಷಕರ ಸಹಿ, ಜೊತೆಗೆ ಒಂದಿಷ್ಟು ಠೇವಣಿ ಎಂದು ಲೆಕ್ಕ ಇಟ್ಟುಕೊಂಡು, ಕೌಂಟರಿನಲ್ಲಿ ಒಮ್ಮೆ ಕೇಳಿಕೊಂಡೇ ಹೋಗುವುದು ಒಳ್ಳೆಯದು. ಠೇವಣಿ ಎಂದರೆ ವಾಪಸು ಬರುವ ದುಡ್ಡು. ರಸೀದಿ ಕಳೆಯದಿದ್ದರೆ, ಅಂತ ಸೇರಿಸಿಕೊಳ್ಳಿ.

ಅರ್ಜಿ ಎರಡು ತನ್ನಿ. ಒಂದು ಹಾಳಾಗಲಿಕ್ಕೇ ಇರುವುದು. ಹೆಸರು, ತರಗತಿ, ಊರು ಇಷ್ಟನ್ನಾದರೂ ಮಗುವೇ ಬರೆಯಬೇಕು. ಅಪ್ಪ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರೆ ಅದು ಅಪ್ಪನ ಅರ್ಜಿಯೇ. ಕಷ್ಟ ಶುರುವಾಗುವುದು ‘ಅರ್ಜಿದಾರರ ಸಹಿ’ ಎಂಬ ಚೌಕದಲ್ಲಿ. ಎರಡನೇ ಕ್ಲಾಸಿನ ಪುಟ್ಟಿಗೆ ಸಹಿ ಎಂದರೆ ಯಾರಿಗೂ ಓದಲಾಗದಂತೆ ಬರೆಯುವುದು ಎಂದು ಗೊತ್ತು, ಮನೆಯಲ್ಲಿ ನೋಡಿದ್ದಾಳಲ್ಲ! ಮೊದಲೆರಡು ಅಕ್ಷರ ದಪ್ಪಗೆ ಕೂತು, ಮೂರನೆಯದು ಗೆರೆಯ ಮೇಲೆ ಹತ್ತಿ, ಒತ್ತಕ್ಷರ ಕಚೇರಿ ಉಪಯೋಗಕ್ಕೆ ಮೀಸಲಾದ ಜಾಗಕ್ಕೆ ಇಳಿದಿರುತ್ತದೆ. ಇರಲಿ ಬಿಡಿ, ಗ್ರಂಥಪಾಲಕರು ಇದಕ್ಕಿಂತ ಕೆಟ್ಟ ಸಹಿಗಳನ್ನು ಕಂಡಿದ್ದಾರೆ.

‘ಸರ್ಕಾರದ ಪುಸ್ತಕ, ಜೋಪಾನ’ ಎಂದು ಮಗುವನ್ನು ಹೆದರಿಸುವ ಮುಂಚೆ ಮನೆ ಕಂದಾಯದ ರಸೀದಿ ತೆಗೆದು ತೋರಿಸಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ದೆಸೆಯಿಂದ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಹೋಗುತ್ತದೆ. ಸಾವಿರ ರೂಪಾಯಿ ತೆರಿಗೆಗೆ ಅರವತ್ತು ರೂಪಾಯಿ. ಅಂದರೆ ಲೈಬ್ರರಿ ಮೆಟ್ಟಿಲು ಹತ್ತದ ಅಪ್ಪನೂ ವರ್ಷವರ್ಷ ಚಂದಾ ಕಟ್ಟುತ್ತಲೇ ಇದ್ದಾನೆ, ಓದುವುದೊಂದು ಬಾಕಿ.

ಕಾರ್ಡಿಗೆ ಎರಡು ಪುಸ್ತಕ ಕೊಡುತ್ತೇವೆಂದರೂ ಮೊದಲ ಎರಡು ತಿಂಗಳು ಒಂದೇ ಸಾಕು. ಮನೆಗೆ ಬಂದ ಕೂಡಲೇ ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಒತ್ತಿದ ವಾಪಸಿನ ತಾರೀಕು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಮಗುವಿನ ಕೈಯಲ್ಲೇ ಸುತ್ತು ಹಾಕಿಸಬೇಕು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಕಷ್ಟಿ ಇವುಗಳ ನಡುವೆ ಕಾಣುವಂತೆ ಬೇರೆ ಬಣ್ಣ ಬೇಕು. ಇಲ್ಲೊಂದು ಗಣಿತವಿದೆ. ಗಡುವು 14 ದಿನವಾದರೆ ತಂದ ವಾರದ ದಿನವೇ ವಾಪಸಿನ ದಿನ. 15 ದಿನವಾದರೆ ಒಂದು ದಿನ ಮುಂದಕ್ಕೆ ಜಾರುತ್ತದೆ. ಶಾಲೆಗೆ ರಜೆಯೆಂದು ಭಾನುವಾರ ತಂದ ಪುಸ್ತಕದ ಗಡುವು ಸೋಮವಾರಕ್ಕೆ ಬೀಳುತ್ತದೆ. ಸೋಮವಾರ ನಮ್ಮ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಹೆಚ್ಚಿನವಕ್ಕೆ ವಾರದ ರಜೆ. ಆಲ್ದೂರಿನಿಂದ ಬಸ್ ಹತ್ತಿಸಿ ಕರೆತಂದ ಮಗುವಿಗೆ ಬೀಗ ತೋರಿಸಿ ಜವಾಬ್ದಾರಿ ಕಲಿಸುವುದು ಕಷ್ಟ. ಶನಿವಾರ ಅರ್ಧ ದಿನ ಶಾಲೆ ಬಿಟ್ಟ ಮೇಲೆ ತನ್ನಿ, ಗಡುವು ಭಾನುವಾರಕ್ಕೆ ಬರುತ್ತದೆ. ಸುತ್ತು ಹಾಕುವುದು ಮಾತ್ರ ಅದಕ್ಕೂ ಎರಡು ದಿನ ಹಿಂದೆ, ಶುಕ್ರವಾರವೇ ಮನೆಯಲ್ಲಿ ಹುಡುಕಾಟ ಶುರುವಾಗಲಿ.

ಹುಡುಕಾಟ ಎಂದೆನಲ್ಲ, ಪುಸ್ತಕ ಕಳೆಯುವುದು ಮಕ್ಕಳಿಂದ ಎಂಬ ನಂಬಿಕೆಯೇ ತಪ್ಪು. ಮಗು ಕಿಟಕಿ ಕಟ್ಟೆಯ ಮೇಲಿಟ್ಟ ಪುಸ್ತಕವನ್ನು ಅಮ್ಮ ‘ಎಲ್ಲೆಂದರಲ್ಲಿ ಬಿಸಾಕ್ತೀಯ’ ಎಂದು ಎತ್ತಿಡುತ್ತಾಳೆ, ಎಲ್ಲಿ ಎತ್ತಿಟ್ಟೆನೆಂಬುದು ಅವಳಿಗೂ ನೆನಪಿರುವುದಿಲ್ಲ. ಅಪ್ಪನಿಗೆ ಬಿಸಿ ಕಾಫಿ ಲೋಟ ಇಡಲು ಗಟ್ಟಿ ರಟ್ಟಿನ ಪುಸ್ತಕದಷ್ಟು ಹದವಾದ ಜಾಗ ಇನ್ನೊಂದಿಲ್ಲ. ಅಜ್ಜಿ ಕರೆಂಟು ಹೋದಾಗ ಅದರಲ್ಲೇ ಗಾಳಿ ಬೀಸಿಕೊಂಡು, ದಿಂಬಿನಡಿ ಸೇರಿಸಿ ಮಲಗುತ್ತಾರೆ. ಇದಕ್ಕೆ ಮದ್ದು ಒಂದೇ. ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಬಟ್ಟೆ ಚೀಲ, ಮಗುವಿನ ಎದೆಯೆತ್ತರಕ್ಕೆ. ಓದುತ್ತಿಲ್ಲವೆಂದರೆ ಪುಸ್ತಕ ಚೀಲದಲ್ಲಿರಬೇಕು. ಆ ಚೀಲಕ್ಕೆ ದೊಡ್ಡವರು ಕೈ ಹಾಕಬಾರದು. ಕಾನೂನು ಮುರಿಯುವವರು ಮೊದಲ ವಾರದಲ್ಲೇ ಸಿಗುತ್ತಾರೆ, ಅದರೊಳಗೆ ಕನ್ನಡಕದ ಡಬ್ಬಿ ಇಟ್ಟು.

ಇನ್ನು ಮಳೆ. ಕಡೂರಿನ ಕಡೆಯವರು ಈ ಭಾಗ ಬಿಟ್ಟು ಓದಬಹುದು, ಅವರಿಗೆ ಧೂಳಿನ ಚಿಂತೆ ಸಾಕು. ಕೊಪ್ಪ, ಶೃಂಗೇರಿ, ಮೂಡಿಗೆರೆಯವರಿಗೆ ಜೂನ್‌ನಿಂದ ಮೂರು ತಿಂಗಳು ಪುಸ್ತಕ ತರುವುದೆಂದರೆ ಕೈಗೂಸನ್ನು ತಂದಂತೆ. ಕೊಡೆಯಿಂದ ಉಪಯೋಗವಿಲ್ಲ, ಅಲ್ಲಿ ಮಳೆ ಅಡ್ಡಡ್ಡ ಬರುತ್ತದೆ. ಪುಸ್ತಕಕ್ಕೆ ಪ್ಲಾಸ್ಟಿಕ್ ಕವರು ಹಾಕಿ, ಬಾಯಿ ಮಡಚಿ ಕೆಳಮುಖ ಮಾಡಿ, ಸ್ಕೂಲ್ ಬ್ಯಾಗಿನ ಬೆನ್ನಿನ ಕಡೆಗೆ ಇಡಬೇಕು. ನೀರಿನ ಬಾಟಲಿ ಹೊರಗಿನ ಜೇಬಿಗೆ. ಅರ್ಧದಷ್ಟು ಪುಸ್ತಕ ಒದ್ದೆಯಾಗುವುದು ಮಳೆಯಿಂದಲ್ಲ, ಸಡಿಲ ಮುಚ್ಚಳದಿಂದ.

ಆದರೂ ಒದ್ದೆಯಾಯಿತು ಅನ್ನಿ. ತಕ್ಷಣ ಎಲ್ಲರ ಕಣ್ಣು ಹೋಗುವುದು ಬಚ್ಚಲೊಲೆಯ ಕಡೆಗೆ. ಬೇಡ. ಒಲೆಯ ಕಾವಿಗೆ ರಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ, ಬೆನ್ನಿನ ಗೋಂದು ಬಿರುಕು ಬಿಡುತ್ತದೆ, ಮೇಲಿಂದ ಹೊಗೆಯ ವಾಸನೆ. ಇಸ್ತ್ರಿ ಪೆಟ್ಟಿಗೆಯೂ ಬೇಡ. ಹತ್ತಿಪ್ಪತ್ತು ಪುಟಕ್ಕೊಂದರಂತೆ ಅಚ್ಚಿಲ್ಲದ ಬಿಳಿ ಕಾಗದ ಸೇರಿಸಿ, ನೀರು ಕುಡಿದ ಕಾಗದ ಆಗಾಗ ಬದಲಿಸಿ. ಪೇಪರಿನ ಹಾಳೆ ಇಟ್ಟರೆ ಅದರ ಮಸಿ ಪುಟಕ್ಕೆ ಹತ್ತಿ, ಕಾಡಿನ ಹುಲಿಯ ಮೈಮೇಲೆ ಅಡಿಕೆ ಧಾರಣೆ ಮೂಡುತ್ತದೆ. ನೀರಿಳಿದ ಮೇಲೆ ಪುಸ್ತಕವನ್ನು ಬೀಸಣಿಗೆಯಂತೆ ಬಿಚ್ಚಿ ನಿಲ್ಲಿಸಿ ಫ್ಯಾನ್ ಗಾಳಿಗಿಡಬೇಕು. ಕರೆಂಟ್ ಇದ್ದರೆ. ಇನ್ನೇನು ಒಣಗಿತು ಎನ್ನುವಾಗ ಮುಚ್ಚಿ ಮೇಲೆ ಭಾರ ಹೇರಿದರೆ ಪುಟದ ಅಲೆ ತಗ್ಗುತ್ತದೆ.

ನುಣ್ಣನೆ ಹೊಳೆಯುವ ಕಾಗದದ ಚಿತ್ರಪುಸ್ತಕವಾದರೆ ಪುಟಗಳನ್ನು ಒದ್ದೆಯಿರುವಾಗಲೇ ಒಂದೊಂದಾಗಿ ಬಿಡಿಸಬೇಕು. ಆ ಕಾಗದದ ಮೇಲಿನ ಲೇಪ ಒಣಗುತ್ತಾ ಅಂಟಾಗುತ್ತದೆ. ಬೆಳಗ್ಗೆ ನೋಡಿದರೆ ಮೂವತ್ತೆರಡು ಪುಟದ ಕಥೆ ಒಂದೇ ಇಟ್ಟಿಗೆ. ಎರಡು ದಿನ ಹಾಗೇ ಬಿಟ್ಟರೆ ಬೂಷ್ಟು ಶುರು. ಬಿಡಿಸಲು ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ನಗಬೇಡಿ, ನೀರು ಹೊಕ್ಕ ಪುಸ್ತಕಗಳನ್ನು ಉಳಿಸುವವರು ಮಾಡುವುದೂ ಇದನ್ನೇ, ಬೂಷ್ಟಿಗೆ ಸಮಯ ಸಿಗುವುದಿಲ್ಲ. ಮೀನಿನ ಪಕ್ಕ ಮಾತ್ರ ಬೇಡ.

ಹಲಸಿನ ಕಾಲದಲ್ಲಿ ಇನ್ನೊಂದು ಗಂಡಾಂತರ. ಕೈಗೆ ಹತ್ತಿದ ಮೇಣ ಕೊಬ್ಬರಿ ಎಣ್ಣೆಗೆ ಹೋಗುತ್ತದೆ ಎಂದು ಮಕ್ಕಳಿಗೆ ಗೊತ್ತು, ಅದೇ ವೈದ್ಯವನ್ನು ಪುಟಕ್ಕೂ ಮಾಡುತ್ತಾರೆ. ಮೇಣ ಅಲ್ಲೇ ಇರುತ್ತದೆ, ಎಣ್ಣೆ ಹರಡಿದ ಕಡೆ ಹಿಂದಿನ ಪುಟದ ಅಕ್ಷರ ಕಾಣತೊಡಗುತ್ತದೆ. ಹರಿದ ಹಾಳೆಗೆ ಸೆಲ್ಲೋ ಟೇಪ್ ಅಂಟಿಸುವುದೂ ಇದೇ ಜಾತಿಯ ಉಪಕಾರ. ವರ್ಷ ಕಳೆಯುವಷ್ಟರಲ್ಲಿ ಅದು ಹಳದಿಯಾಗಿ ಅಂಟು ಒಸರುತ್ತದೆ. ಹರಿದದ್ದನ್ನು ಹರಿದಂತೆಯೇ ಒಯ್ದು ಗ್ರಂಥಪಾಲಕರಿಗೆ ತೋರಿಸುವುದು ಲೇಸು.

ತೋರಿಸಬೇಕಾದವಳು ಪುಟ್ಟಿ. ‘ಸಾರ್, ಇದು ನನ್ ಕೈಲಿ ಹರೀತು’ ಎಂಬ ಐದು ಪದ ಹೇಳಲು ಅವಳಿಗೆ ಐದು ನಿಮಿಷ ಬೇಕು. ಹಿಂದೆ ಸಾಲಿನಲ್ಲಿರುವವರು ಕೆಮ್ಮಲಿ. ಅಷ್ಟರಲ್ಲಿ ಅಪ್ಪ ಮುಂದೆ ನುಗ್ಗಿ ‘ಮಕ್ಳು ಅಲ್ವಾ ಸಾರ್, ಎಷ್ಟಾಯ್ತು?’ ಎಂದು ಪರ್ಸು ತೆಗೆದರೆ ಅಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ. ದಂಡ ಹೆಚ್ಚೇನಿರುವುದಿಲ್ಲ, ಹುಂಡಿಯ ಚಿಲ್ಲರೆಗೆ ನಿಲುಕುವಂಥದ್ದು. ಅವಳೇ ಎಣಿಸಿ ಕೊಡಲಿ. ಪುಸ್ತಕವೇ ಕಳೆದುಹೋದರೆ ಸಾಮಾನ್ಯವಾಗಿ ಅದೇ ಪುಸ್ತಕ ತಂದುಕೊಡಬೇಕು, ಇಲ್ಲವೇ ಬೆಲೆ ಕಟ್ಟಬೇಕು. ಹಳೆಯ ಪುಸ್ತಕದ ಮೇಲೆ ಹನ್ನೆರಡು ರೂಪಾಯಿ ಎಂದಿರುತ್ತದೆ, ಅಂಗಡಿಯಲ್ಲಿ ಹನ್ನೆರಡು ರೂಪಾಯಿಗೆ ರಬ್ಬರೂ ಬರುವುದಿಲ್ಲ. ಬೆಲೆಯ ಮಾತು ಇಬ್ಬರೂ ಕೂತು ಆಡುವಂಥದ್ದು.

ಪುಸ್ತಕ ವಾಪಸು ಕೊಡುವ ಮುನ್ನ ಒಮ್ಮೆ ಪುಟ ಮಗುಚಬೇಕು. ರಟ್ಟು ಹಿಡಿದು ಕೊಡವಬೇಡಿ, ಹೊಲಿಗೆ ಸಡಿಲವಾಗುತ್ತದೆ. ಬಸ್ ಟಿಕೆಟ್, ಚಾಕೊಲೇಟಿನ ಹೊಳೆಯುವ ಕಾಗದ, ಗುರುತಿಗೆಂದು ಇಟ್ಟ ಲೈಬ್ರರಿ ಕಾರ್ಡು ಇವೆಲ್ಲ ಅಲ್ಲೇ ಸಿಗುತ್ತವೆ. ನಡುವಿನ ಪುಟದಲ್ಲಿ ಒಂದು ನವಿಲುಗರಿ ಇದ್ದರೆ ಮಾತ್ರ ಸ್ವಲ್ಪ ತಾಳಿ. ಬೇರೆ ಯಾರೂ ಕೇಳಿರದಿದ್ದರೆ ಗಡುವಿನೊಳಗೆ ಹೋಗಿ ಪುಸ್ತಕವನ್ನು ಇನ್ನೊಂದು ಅವಧಿಗೆ ನವೀಕರಿಸಿಕೊಳ್ಳಬಹುದು. ಗ್ರಂಥಪಾಲಕರು ‘ಯಾಕಮ್ಮಾ, ಓದಿ ಮುಗೀಲಿಲ್ವಾ?’ ಎಂದು ಕೇಳುತ್ತಾರೆ. ಓದಿ ಮುಗಿದಿರುತ್ತದೆ, ಗರಿ ಇನ್ನೂ ಮರಿ ಹಾಕಿರುವುದಿಲ್ಲ.