ಸಹಿ ಮಾಡಿದವರು ನಾವು, ಜವಾಬ್ದಾರಿ ಯಾರದು?

"ಕೋವಿಡ್‌ನಿಂದ ನನ್ನ ಮಗನಿಗೆ/ಮಗಳಿಗೆ ಏನಾದರೂ ಆದಲ್ಲಿ ಶಾಲಾ ಆಡಳಿತ ಮಂಡಳಿ ಜವಾಬ್ದಾರಿ ಅಲ್ಲ ಎಂದು ಒಪ್ಪಿ ಸಹಿ ಮಾಡಿರುತ್ತೇನೆ."

2021ರಲ್ಲಿ ಶಾಲೆ ತೆರೆದಾಗ ಗೋಕಾಕದ ಒಂದು ಖಾಸಗಿ ಶಾಲೆಯಿಂದ ನಮ್ಮ ಅಣ್ಣನ ಮಗನ ಕೈಯಲ್ಲಿ ಬಂದ ಒಪ್ಪಿಗೆ ಪತ್ರದ ಕೊನೆಯ ಸಾಲು ಇದು. ಕೊರೊನಾ ಹೋಯಿತು, ಸಾಲು ಹೋಗಿಲ್ಲ. ಮೊನ್ನೆ ಪ್ರವಾಸದ ಫಾರ್ಮಿನಲ್ಲಿ "ಕೋವಿಡ್‌ನಿಂದ" ತೆಗೆದು "ಪ್ರವಾಸದಲ್ಲಿ" ಅಂತ ಸೇರಿಸಿ ಅದನ್ನೇ ಕಳಿಸಿದ್ದಾರೆ. ಹಾಗಾಗಿ ಹಳೆಯ ಮಾತು ಎತ್ತುತ್ತಿದ್ದೇನೆ. "ಮುಗದ್ಹೋದದ್ದನ್ನ ಯಾಕ ಕೆದರ್ತೀಪಾ" ಅನ್ನುವವರು ಇಲ್ಲಿಗೇ ಬಿಡಬಹುದು, ಬರಹ ಉದ್ದ ಇದೆ.

ಮೊದಲೇ ಹೇಳಿಬಿಡುತ್ತೇನೆ, ಶಾಲೆ ತೆರೆದದ್ದು ತಪ್ಪು ಅನ್ನುವವನು ನಾನಲ್ಲ. ತೆರೆಯಲು ತಡ ಮಾಡಿದ್ದೇ ಹೆಚ್ಚಾಯಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕೊಠಡಿಗಳು ಒಂದರಿಂದ ಐದನೆಯ ಇಯತ್ತೆಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಮಾಡಿದ ಅಧ್ಯಯನ 2021ರ ಫೆಬ್ರುವರಿಯಲ್ಲಿ ಬಂತು. ಎರಡರಿಂದ ಆರನೆಯ ತರಗತಿಯವರಲ್ಲಿ ಶೇ 92ರಷ್ಟು ಮಕ್ಕಳು, ಮೊದಲು ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಶೇ 82. ನಮ್ಮೂರಲ್ಲಿ ಇದನ್ನು ತಿಳಿಯಲು ಅಧ್ಯಯನ ಬೇಕಿರಲಿಲ್ಲ. ಎಂಟನೆಯ ಇಯತ್ತೆಯ ಹುಡುಗರು ಕಬ್ಬು ಕಡಿಯುವ ಗ್ಯಾಂಗಿನ ಹಿಂದೆ ಹೋಗಿದ್ದರು. ಹುಡುಗಿಯರ ಲಗ್ನದ ಮಾತು ಸದ್ದಿಲ್ಲದೆ ನಡೆಯುತ್ತಿತ್ತು. ತೆರೆಯಲೇಬೇಕಿತ್ತು. ನನ್ನ ತಕರಾರು ತೆರೆದ ರೀತಿಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಒಪ್ಪಿಗೆ ಪತ್ರದ ಬಗ್ಗೆ.

ಆ ಪತ್ರ ಎಲ್ಲಿಂದ ಬಂತು ನೋಡಿ. ಕೇಂದ್ರ ಗೃಹ ಸಚಿವಾಲಯ 2020ರ ಸೆಪ್ಟೆಂಬರ್ 30ರ ಆದೇಶದಲ್ಲಿ, ಅಕ್ಟೋಬರ್ 15ರ ನಂತರ ಶಾಲೆ ತೆರೆಯುವ ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತು. ಜೊತೆಗೆ ಷರತ್ತು ಹಾಕಿತು: ಮಕ್ಕಳು ಬರಬೇಕಾದರೆ ಪಾಲಕರ ಲಿಖಿತ ಒಪ್ಪಿಗೆ ಇರಬೇಕು, ಹಾಜರಾತಿಗೆ ಒತ್ತಾಯ ಮಾಡಬಾರದು, ಮನೆಯಲ್ಲೇ ಓದುತ್ತೇವೆ ಅನ್ನುವವರಿಗೆ ಆನ್‌ಲೈನ್ ಪಾಠ ಮುಂದುವರಿಸಬೇಕು. ಅಂದರೆ "ನನ್ನ ಮಗಳನ್ನು ಈಗ ಕಳಿಸೋದಿಲ್ಲ" ಅನ್ನುವ ಹಕ್ಕು ಪಾಲಕರಿಗೆ ಇರಲಿ, ಹಾಗೆ ಅಂದರೆ ಹೆಸರು ಹೊಡೆಯಬಾರದು ಅನ್ನುವುದಕ್ಕೆ ಆ ಪತ್ರ ಹುಟ್ಟಿದ್ದು. ಮಗುವಿನ ರಕ್ಷಣೆಗೆ ಬಂದ ಕಾಗದ ಜಿಲ್ಲೆ ದಾಟಿ, ತಾಲೂಕು ದಾಟಿ ಶಾಲೆಗೆ ಬರುವಷ್ಟರಲ್ಲಿ ಆಡಳಿತ ಮಂಡಳಿಯ ರಕ್ಷಣೆಯ ಕಾಗದವಾಯಿತು. ಆದೇಶದಲ್ಲಿ ಇಲ್ಲದ ಒಂದು ಸಾಲು ಕೆಳಗೆ ಸೇರಿಕೊಂಡಿತು, ಅಷ್ಟೇ.

ಸರ್ಕಾರಿ ಹೈಸ್ಕೂಲಿಗೆ ಹೋಗುತ್ತಿದ್ದ ನನ್ನ ಮಗಳ ಫಾರ್ಮಿನಲ್ಲಿ ಆ ಸಾಲು ಇರಲಿಲ್ಲ, ಅದನ್ನೂ ಹೇಳಬೇಕು. ಆದರೆ ಅಲ್ಲಿ ಒಪ್ಪಿಗೆ ಹೇಗೆ ಸಿಕ್ಕಿತು? 2021ರ ಜನವರಿ 1ಕ್ಕೆ ಹತ್ತನೆಯ ತರಗತಿ ಶುರು. ಆಗ ಕಬ್ಬಿನ ಸೀಸನ್. ಕೆಲವು ಪಾಲಕರು ಬೆಳಗಿನ ಜಾವ ಗಾಡಿ ಹತ್ತುವ ಮೊದಲು ಹೆಬ್ಬೆಟ್ಟು ಒತ್ತಿ ಹೋದರು, ಓದಿ ಹೇಳಿದವರು ಯಾರೂ ಇಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ "ಆನ್‌ಲೈನ್ ಬೇಕೋ, ಶಾಲೆ ಬೇಕೋ" ಅಂತ ಕೇಳಿದರೆ ಅದು ಆಯ್ಕೆಯೇ? ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿದ್ದ ಹುಡುಗಿಯ ತಂದೆ ಒಲ್ಲೆ ಅನ್ನುತ್ತಾನೆಯೇ? ನಾನೂ ಅನ್ನಲಿಲ್ಲ.

ಇನ್ನು ಆ ಸಾಲಿಗೆ ಕಾನೂನಿನಲ್ಲಿ ಬೆಲೆ ಎಷ್ಟು? ನಾನು ವಕೀಲನಲ್ಲ. ಆದರೆ ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾದ ಮೇಲೆ ಓದಿಕೊಂಡಷ್ಟು ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ, 2009. ಅದರ 8 ಮತ್ತು 9ನೇ ಕಲಂಗಳು ಕಟ್ಟಡ, ಶಿಕ್ಷಕರು, ಕಲಿಕಾ ಸಾಮಗ್ರಿ ಒದಗಿಸುವುದನ್ನು ಸರ್ಕಾರದ ಮತ್ತು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಅನ್ನುತ್ತವೆ. ಸುರಕ್ಷಿತ ಕುಡಿಯುವ ನೀರು, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಎಲ್ಲ ಹವಾಮಾನಕ್ಕೂ ತಡೆಯುವ ಕೊಠಡಿ, ಇವೆಲ್ಲ ಕಾಯ್ದೆಯ ಅನುಸೂಚಿಯಲ್ಲೇ ಇವೆ. ಇದು ಖಾಸಗಿ ಶಾಲೆಗೂ ಅನ್ವಯ, ಇಲ್ಲದಿದ್ದರೆ ಮಾನ್ಯತೆ ಸಿಗಬಾರದು. ಕಾಯ್ದೆ ಹೊರಿಸಿದ ಕರ್ತವ್ಯವನ್ನು ಒಬ್ಬ ತಂದೆಯ ಸಹಿ ಇಳಿಸಿಬಿಡುತ್ತದೆಯೇ? 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಕರಾರು ಊರ್ಜಿತವಲ್ಲ.

ತಮಿಳುನಾಡಿನ ಕುಂಭಕೋಣದ ಶಾಲೆಗೆ 2004ರ ಜುಲೈ 16ರಂದು ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ದುರಂತದ ನಂತರ ಸುಪ್ರೀಂ ಕೋರ್ಟಿಗೆ ಹೋದ ಅವಿನಾಶ್ ಮೆಹರೋತ್ರಾ ಪ್ರಕರಣದಲ್ಲಿ 2009ರಲ್ಲಿ ತೀರ್ಪು ಬಂತು: ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ. ಇನ್ನೊಂದು, ಪ್ರವಾಸದ ಫಾರ್ಮ್ ಕಳಿಸಿದವರು ಓದಲೇಬೇಕಾದದ್ದು. 1995ರಲ್ಲಿ ಪಠಾಣ್‌ಕೋಟ್ ಹತ್ತಿರದ ಶಾಲೆಯೊಂದರ 14 ಮಕ್ಕಳು ಪಿಕ್ನಿಕ್‌ಗೆ ಹೋಗಿ ಬಿಯಾಸ್ ನದಿಯಲ್ಲಿ ಮುಳುಗಿದರು. 2001ರಲ್ಲಿ ಸುಪ್ರೀಂ ಕೋರ್ಟು ಹೊಣೆಯನ್ನು ಶಾಲೆಯ ಮೇಲೇ ಹಾಕಿ, ಪ್ರತಿ ಮಗುವಿನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು.

ಇದನ್ನು ಹೇಳಿದಾಗ ಶಿಕ್ಷಕ ಗೆಳೆಯನೊಬ್ಬ ಸಿಟ್ಟಾದ. "ಹಿಂಗಂದ್ರ ಯಾವ ಹೆಡ್ ಮಾಸ್ತರನೂ ಸಾಲಿ ಬಾಗಿಲಾ ತಗಿಯೂದಿಲ್ಲ ಬಿಡು. ಜಗತ್ತಿಗೇ ಬಂದ ಜಡ್ಡು, ನಮ್ಮ ಸಾಲ್ಯಾಗ ಬಂದ್ರ ನಾವ್ ಕಳ್ಳರಾ?" ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಯಾವ ಮಗುವಿಗೂ ಜ್ವರ ಬರಬಾರದು ಅಂತ ಕಾನೂನು ಕೇಳುವುದಿಲ್ಲ. ಮಾಡಬಹುದಾಗಿದ್ದನ್ನು ಮಾಡಿದಿರಾ ಅಂತ ಕೇಳುತ್ತದೆ. ಕೈಗೆಟುಕಿದ್ದು ಏನು ಅನ್ನುವುದೇ ಇಲ್ಲಿ ಪ್ರಶ್ನೆ, ಮತ್ತು ನಮ್ಮ ಕಡೆಯ ಶಾಲೆಗಳಲ್ಲಿ ಆ ಪ್ರಶ್ನೆಗೆ ಉತ್ತರ ಸುಲಭವಿಲ್ಲ.

ಯಾಕೆಂದರೆ ನಮ್ಮೂರ ಶಾಲೆ ಬರೀ ಶಾಲೆಯಾಗಿ ಉಳಿದದ್ದು ಯಾವಾಗ? 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಹೊಳೆಯ ನೀರು ಕೊಠಡಿಯೊಳಗೆ ಬಂತು. ಗೋಡೆಯ ಹಸಿ ಆರುವ ಮೊದಲು ಕೊರೊನಾ. 2020ರ ಮೇನಲ್ಲಿ ಮಹಾರಾಷ್ಟ್ರದಿಂದ ಮರಳಿದವರಿಗೆ ಅದೇ ಕೊಠಡಿಗಳು ಕ್ವಾರಂಟೈನ್. ಡಿಸೆಂಬರ್ 22 ಮತ್ತು 27ಕ್ಕೆ ರಾಜ್ಯದಲ್ಲಿ ಎರಡು ಹಂತದ ಗ್ರಾಮ ಪಂಚಾಯಿತಿ ಚುನಾವಣೆ, ಮತಗಟ್ಟೆ ಅಲ್ಲೇ. ಜನವರಿ 1ಕ್ಕೆ ಮಕ್ಕಳು ಬಂದರು. ಊರಿನ ಅರ್ಧ ಜನ ಸಾಲು ನಿಂತು ಹೋದ ಕಟ್ಟಡವನ್ನು ತೊಳೆದವರು ಯಾರು, ಯಾವ ದಿನ, ಯಾವ ಕಾಗದದ ಮೇಲೆ ಅದು ದಾಖಲಾಯಿತು?

ಮುಂದಿನದು ಇನ್ನೂ ಚೆನ್ನ. ಬೆಳಗಾವಿ ಸಂಸದರೂ ಕೇಂದ್ರ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದಲೇ ತೀರಿಕೊಂಡರು. ಆ ಸ್ಥಾನಕ್ಕೆ 2021ರ ಏಪ್ರಿಲ್ 17ಕ್ಕೆ ಉಪಚುನಾವಣೆ, ಎರಡನೆಯ ಅಲೆ ಏರುತ್ತಿದ್ದಾಗ. ಏಪ್ರಿಲ್ ಮೊದಲ ವಾರದಲ್ಲೇ ಆರರಿಂದ ಒಂಬತ್ತರ ತರಗತಿಗಳನ್ನು ನಿಲ್ಲಿಸಿದ್ದರು. ಮಕ್ಕಳಿಗೆ ಅಪಾಯವೆಂದು ಮುಚ್ಚಿದ ಕೊಠಡಿ ಮತದಾರರಿಗೆ ತೆರೆಯಿತು, ಮಾಸ್ತರರೇ ಮತಗಟ್ಟೆ ಅಧಿಕಾರಿಗಳು. ಜುಲೈನಲ್ಲಿ ಮತ್ತೆ ಹೊಳೆ ಬಂತು, ಶಾಲೆ ನೆರೆಯವರ ಕಾಳಜಿ ಕೇಂದ್ರವಾಯಿತು. ಆಗಸ್ಟ್ 23ಕ್ಕೆ ಮತ್ತೆ ತರಗತಿ. ಬೆಳಗಾವಿ ಶಹರದಲ್ಲಿ ಸೆಪ್ಟೆಂಬರ್ 3ಕ್ಕೆ ಪಾಲಿಕೆಯ ಮತದಾನ, 6ಕ್ಕೆ ಆರರಿಂದ ಎಂಟನೆಯವರಿಗೆ ಶಾಲೆ. ಹೊಳೆ, ಜಡ್ಡು, ಮತ, ಪಾಠ ನಾಲ್ಕಕ್ಕೂ ಊರಲ್ಲಿ ಇರುವುದು ಒಂದೇ ಗಟ್ಟಿ ಕಟ್ಟಡ, ಅದು ನನಗೂ ಗೊತ್ತು. ಆದರೆ ತಹಶೀಲ್ದಾರ್ ಕಚೇರಿ ಬೀಗದ ಕೈ ತೆಗೆದುಕೊಳ್ಳುವಾಗ ಪತ್ರ ಕೊಡುತ್ತದೆ. ಹಿಂದಿರುಗಿಸುವಾಗ "ಮಕ್ಕಳಿಗೆ ಯೋಗ್ಯವಾಗಿದೆ" ಅನ್ನುವ ಪತ್ರ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ. (ಶಾಲೆ ಮುಚ್ಚಿದ್ದಾಗ ಮಾಸ್ತರರು ಊರೊಳಗೇ ಬಂದು ಕಲಿಸುತ್ತಿದ್ದ ವಿದ್ಯಾಗಮ ಯೋಜನೆಯ ಕಾಲ ನೆನಪಿದೆಯೇ? 2020ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಗುಡಿಕಟ್ಟೆ, ಗಿಡದ ನೆರಳಲ್ಲಿ ಪಾಠ. ಗುಡಿಕಟ್ಟೆಯ ಮೇಲೆ ಕೂತ ಮಗುವಿನ ಹೊಣೆ ಪೂಜಾರಿಯದೋ ಮಾಸ್ತರದೋ, ಯಾರೂ ಕೇಳಲಿಲ್ಲ.)

ಕ್ವಾರಂಟೈನ್‌ಗೆ ಬಳಸಿದ ಶಾಲೆಯನ್ನು ಪೂರ್ತಿ ಶುಚಿ ಮಾಡಿ, ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿಯೇ ತೆರೆಯಬೇಕು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2020ರ ಸೆಪ್ಟೆಂಬರ್‌ನಲ್ಲೇ ಹೇಳಿತ್ತು. ದುಡ್ಡು? 100ರಿಂದ 250 ಮಕ್ಕಳಿರುವ ಶಾಲೆಗೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಿಂದ ಆಗ ವರ್ಷಕ್ಕೆ ಬರುತ್ತಿದ್ದ ಅನುದಾನ 50 ಸಾವಿರ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ, ಅಂದರೆ 5 ಸಾವಿರ. ಸೋಪು, ಫಿನೈಲು, ಸ್ಯಾನಿಟೈಸರ್, ಶೌಚಾಲಯ ತೊಳೆಯುವವರ ಕೂಲಿ ಎಲ್ಲ ಅದರಲ್ಲೇ. ನೀರಿನ ಕಥೆ ಬೇರೆ. ಮಕ್ಕಳು ಕುಡಿಯುವ ನೀರನ್ನು ಮನೆಯಿಂದಲೇ ತರಲಿ ಅಂದರು. ತಾತ್ಕಾಲಿಕವಾಗಿ ಸರಿಯೇ. ಆದರೆ ಕಾಯ್ದೆಯ ಪ್ರಕಾರ ಶಾಲೆ ಕೊಡಬೇಕಾದ ನೀರು ಹೀಗೆ ಮಗುವಿನ ಚೀಲಕ್ಕೆ ಬಂತು, ಜವಾಬ್ದಾರಿ ಪಾಲಕರ ಸಹಿಗೆ ಬಂತು.

ಗೇಟಿನಲ್ಲಿ ಹಣೆಗೆ ಹಿಡಿಯುವ ಜ್ವರದ ಯಂತ್ರ ಮಾತ್ರ ಇತ್ತು, ಫೋಟೋಕ್ಕೆ ಚಂದ. ಒಳಗೆ ಹೋದರೆ ಕಿಟಕಿಗಳಿಗೆ ತಗಡು ಹೊಡೆದಿತ್ತು, ಕಳ್ಳರ ಕಾಟಕ್ಕೆ ಎಂದೋ ಹೊಡೆದದ್ದು. ಗಾಳಿಯಲ್ಲಿ ಹರಡುವ ಜಡ್ಡಿಗೆ ಬೆಂಚು ಒರೆಸುತ್ತ ಕೂತಿದ್ದೆವು. ಆ ತಗಡು ಕೀಳಲು ಸರ್ಕಾರದ ಅನುದಾನ ಬೇಕಿರಲಿಲ್ಲ, ಒಂದು ಸುತ್ತಿಗೆ ಸಾಕಿತ್ತು. ಕೈಗೆಟುಕಿದ್ದು ಅಂದರೆ ನನಗೆ ಇಂಥದ್ದು.

ಎಲ್ಲಕ್ಕಿಂತ ಹಗುರವಾಗಿ ತೆಗೆದುಕೊಂಡದ್ದು ತಿಳಿಸುವ ಕರ್ತವ್ಯವನ್ನು. ಒಬ್ಬ ಶಿಕ್ಷಕರಿಗೋ ಒಂದು ಮಗುವಿಗೋ ಪಾಸಿಟಿವ್ ಬಂದರೆ ಅದೇ ಕೋಣೆಯಲ್ಲಿ ಕೂತವರ ಮನೆಗೆ ಅವತ್ತೇ ಗೊತ್ತಾಗಬೇಕು. ಹೆಸರು ಹೇಳುವುದು ಬೇಡ, ಸಂಗತಿ ಸಾಕು. ಶಾಲೆಗೆ ಹೋಗುವವಳು ಹದಿನೈದರ ಹುಡುಗಿ, ಆದರೆ ಸಂಜೆ ಅವಳ ಪಕ್ಕ ಕೂತು ಅಡಿಕೆ ಕುಟ್ಟುವ ಅಜ್ಜಿಗೆ ಸಕ್ಕರೆ ಕಾಯಿಲೆ. ನಮ್ಮ ಕಡೆ ಆದದ್ದೇನು? ಸುದ್ದಿ ಚಹಾದಂಗಡಿಯಲ್ಲಿ ಮೊದಲು, ಶಾಲೆಯಿಂದ ಆಮೇಲೆ, ಕೆಲವೊಮ್ಮೆ ಶಾಲೆಯಿಂದ ಇಲ್ಲವೇ ಇಲ್ಲ. ಹೇಳಿದರೆ ಮುಚ್ಚಿಸುತ್ತಾರೆ, ಖಾಸಗಿಯವರಿಗೆ ಫೀ ನಿಲ್ಲುತ್ತದೆ, ಸರ್ಕಾರಿ ಮಾಸ್ತರರಿಗೆ ನೋಟಿಸ್ ಬರುತ್ತದೆ ಅನ್ನುವ ಭಯ. ಫೀ ವಿಷಯಕ್ಕೆ ಎರಡೂ ಕಡೆಯವರು ಕೋರ್ಟು ಹತ್ತಿದರು, ಶೇ 30 ಕಡಿತವೋ 15 ಕಡಿತವೋ ಅಂತ ಟೀವಿಯಲ್ಲಿ ತಿಂಗಳುಗಟ್ಟಲೆ ನಡೆಯಿತು. ಕಿಟಕಿ, ಶೌಚಾಲಯ, ತಿಳಿಸುವ ನಿಯಮಕ್ಕಾಗಿ ನಮ್ಮ ತಾಲೂಕಿನಿಂದ ಕೋರ್ಟಿಗೆ ಹೋದವರು ನನ್ನ ಕಿವಿಗೆ ಬಿದ್ದಿಲ್ಲ.

ಹೆಡ್ ಮಾಸ್ತರರನ್ನು ಕಟಕಟೆಗೆ ನಿಲ್ಲಿಸುವ ಉದ್ದೇಶ ನನಗಿಲ್ಲ. ವಿಪತ್ತು ನಿರ್ವಹಣಾ ಕಾಯ್ದೆ, 2005ರ 51ನೇ ಕಲಂ ಪ್ರಕಾರ ನಿರ್ದೇಶನ ಪಾಲಿಸದವರಿಗೆ ಒಂದು ವರ್ಷದವರೆಗೆ ಜೈಲು, ಅದನ್ನೇ ಸುತ್ತೋಲೆಗಳಲ್ಲಿ ತೋರಿಸಿ ಹೆದರಿಸುತ್ತಿದ್ದರು. ಅದೇ ಕಾಯ್ದೆಯ 55ನೇ ಕಲಂ ಸರ್ಕಾರಿ ಇಲಾಖೆ ತಪ್ಪು ಮಾಡಿದರೆ ಇಲಾಖೆಯ ಮುಖ್ಯಸ್ಥರೂ ಹೊಣೆ ಅನ್ನುತ್ತದೆ. ಆ ಕಲಂ ಯಾವ ಸುತ್ತೋಲೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ರಾಜ್ಯ ಸರ್ಕಾರ ನೇಮಿಸಿದ್ದ ಡಾ. ದೇವಿ ಶೆಟ್ಟಿ ಅವರ ಸಮಿತಿ 2021ರ ಜೂನ್‌ನಲ್ಲಿ ಶಾಲೆ ತೆರೆಯಲು ಹೇಳುವಾಗಲೇ ಪ್ರತಿ ವಿದ್ಯಾರ್ಥಿಗೆ 2 ಲಕ್ಷ ರೂಪಾಯಿಯ ಕೋವಿಡ್ ವಿಮೆ ಇರಲಿ ಅಂದಿತ್ತು. ತೆರೆಯುವ ಶಿಫಾರಸು ನಮ್ಮೂರಿಗೆ ಬಂತು. ವಿಮೆ ಬರಲಿಲ್ಲ.

ಕಳೆದ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಠರಾವು ಇಟ್ಟೆ. ಚುನಾವಣೆ, ನೆರೆ, ಲಸಿಕೆ, ಯಾವುದಕ್ಕೇ ಕೊಠಡಿ ಕೊಟ್ಟರೂ, ಮರಳಿ ಪಡೆಯುವ ದಿನ ಪಂಚಾಯಿತಿಯ ಪಿಡಿಓ ಮತ್ತು ಹೆಡ್ ಮಾಸ್ತರು ಇಬ್ಬರೂ ಒಂದು ಹಾಳೆಗೆ ಸಹಿ ಹಾಕಬೇಕು: ತೊಳೆದಿದೆ, ನೀರಿದೆ, ಶೌಚಾಲಯ ನಡೆಯುತ್ತಿದೆ, ಕಿಟಕಿ ತೆರೆಯುತ್ತವೆ. ಆ ಹಾಳೆಯನ್ನು ಗೇಟಿಗೆ ಅಂಟಿಸಬೇಕು. ಅದು ಇಲ್ಲದೆ ಪಾಲಕರ ಒಪ್ಪಿಗೆ ಕೇಳಬಾರದು. ಹೆಡ್ ಮಾಸ್ತರು ಸ್ವಲ್ಪ ಹೊತ್ತು ಠರಾವು ಪುಸ್ತಕ ನೋಡಿ, "ನಾ ಸಹಿ ಮಾಡ್ತೀನ್ರಿ. ಪಿಡಿಓ ಸಾಹೇಬ್ರನ್ನ ನೀವ ಒಪ್ಪಸ್ರಿ" ಅಂದರು. ಪಿಡಿಓ ಸಾಹೇಬರು, ಮೇಲಿನಿಂದ ಆದೇಶ ಬಂದರೆ ನೋಡೋಣ ಅಂದಿದ್ದಾರೆ. ಬರುವ ಸೋಮವಾರ ಬಿಇಓ ಕಚೇರಿಗೆ ಅರ್ಜಿ ಕೊಡುತ್ತಿದ್ದೇನೆ. ಗೋಕಾಕ, ಮೂಡಲಗಿ ಕಡೆಯ ಬೇರೆ ಎಸ್‌ಡಿಎಂಸಿಯವರು ಜೊತೆಗೆ ಬರುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ, ಠರಾವಿನ ನಕಲು ಕಳಿಸುತ್ತೇನೆ.